ಮೊದಲು ಆ ಫೈಲು ನಿನ್ನ ಕೈಗೆ ಬರಲಿ

ಈ ಪತ್ರ ಬಂದು ನಾಲ್ಕು ದಿನ ಆಯ್ತು. ಓದಿ ಮಡಚಿಡುತ್ತೇನೆ, ಅಡುಗೆ ಮುಗಿಸಿ ಬಂದು ಮತ್ತೆ ಬಿಚ್ಚುತ್ತೇನೆ. ಮೂರನೇ ಪುಟದ ಒಂದು ಸಾಲು ನನ್ನನ್ನು ಬಿಡುತ್ತಿಲ್ಲ. ಬರೆದವಳಿಗೆ ಅದು ದೊಡ್ಡ ವಿಷಯ ಅಂತ ಅನಿಸಿಯೇ ಇಲ್ಲ.

ಬರೆದವಳು ಸಿಂಧನೂರು ತಾಲೂಕಿನ ಹೆಣ್ಣುಮಗಳು. ವಯಸ್ಸು 27. ಬಿ.ಎ. ಆದ ಮೇಲೆ ಒಂದು ವರ್ಷದ ಬಿ.ಲಿಬ್, ಅಂದರೆ ಗ್ರಂಥಾಲಯ ವಿಜ್ಞಾನದ ಪದವಿ, ಮಾಡಿದಳು, ಫಸ್ಟ್ ಕ್ಲಾಸ್ ಬಂತು, ಅದರ ಹಿಂದೆಯೇ ಮದುವೆ. ಈಗ ಮೂರು ವರ್ಷದ ಮಗಳಿದ್ದಾಳೆ. ಗಂಡನಿಗೆ ಊರಲ್ಲೇ ಗೊಬ್ಬರ, ಔಷಧಿಯ ಅಂಗಡಿ. ಅತ್ತೆ, ಭಾವ, ನೆಗೆಣ್ಣಿ, ಅವರ ಮಕ್ಕಳು ಎಲ್ಲ ಒಂದೇ ಮನೆ. ಈ ವರ್ಷ ಅದೇ ವಿಷಯದ ಸ್ನಾತಕೋತ್ತರ ಪದವಿ ಎಂ.ಲಿಬ್ ಸೇರುವ ಆಸೆ ಇದೆ. ಕಲಬುರಗಿಗೆ ಹೋಗಿ ರೆಗ್ಯುಲರ್ ಮಾಡಲಾ, ಮನೆಯಲ್ಲಿದ್ದುಕೊಂಡೇ ದೂರ ಶಿಕ್ಷಣದಲ್ಲಿ ಕಟ್ಟಲಾ ಅನ್ನೋದು ಅವಳ ಪ್ರಶ್ನೆ. "ಪುಸ್ತಕದ ಧೂಳು ಒರೆಸೋಕೆ ಇನ್ನೊಂದು ಡಿಗ್ರಿ ಯಾಕೆ" ಅಂತ ಭಾವ ಕೇಳಿದರಂತೆ. ಗಂಡ ಹೂಂ ಅಂದಿಲ್ಲ, ಊಹೂಂ ಅಂತಲೂ ಅಂದಿಲ್ಲ. ಅತ್ತೆ ಮಾತ್ರ ಕೂಸನ್ನು ನಾನು ನೋಡ್ಕೋತೀನಿ ಅಂದಿದ್ದಾರೆ.

ಇಷ್ಟೆಲ್ಲ ಹೇಳಿ, ತನ್ನ ಅಣ್ಣ ಎಷ್ಟು ಒಳ್ಳೆಯವನು ಅಂತ ಹೊಗಳುತ್ತಾ ಈ ಮಾತು ಬರೆದಿದ್ದಾಳೆ: "ಮದುವೆ ಆದಾಗ ನಮ್ಮಣ್ಣ ನೆನಪಿಟ್ಟು ನನ್ನ ಮಾರ್ಕ್ಸ್ ಕಾರ್ಡಿನ ಫೈಲನ್ನೂ ಭಾವನವರ ಕೈಗೆ ಒಪ್ಪಿಸಿದ. ಅವರ ತಿಜೋರಿಯಲ್ಲಿ ಭದ್ರವಾಗಿದೆ. ಕೇಳಿದಾಗ ಝೆರಾಕ್ಸ್ ಕೊಡ್ತಾರೆ."

ತಂಗಿ, ಈ ಕೊನೆಯ ಮಾತನ್ನು ನೀನೇ ಒಂದು ಸಲ ಗಟ್ಟಿಯಾಗಿ ಓದು. ಕೇಳಿದಾಗ ಝೆರಾಕ್ಸ್ ಕೊಡ್ತಾರೆ. ಆ ಫೈಲಿನಲ್ಲಿರೋದು ನಿನ್ನ ಹೆಸರು, ನಿನ್ನ ಅಂಕ, ರಾತ್ರಿ ನಿದ್ದೆಗೆಟ್ಟು ನೀನು ಓದಿದ್ದು. ಅದರ ಮೂಲ ಪ್ರತಿಯನ್ನು ನೀನು ಕೈಯಲ್ಲಿ ಹಿಡಿದು ಎಷ್ಟು ವರ್ಷ ಆಯ್ತು? ಕಲಬುರಗಿಯೋ ದೂರ ಶಿಕ್ಷಣವೋ ಅಂತ ಕೇಳ್ತಿದ್ದೀಯ. ಎಲ್ಲಿಗೆ ಸೇರಬೇಕಾದರೂ ಅಡ್ಮಿಷನ್ ಹೊತ್ತಿಗೆ ಒರಿಜಿನಲ್ ತೋರಿಸಿ ಅನ್ನುತ್ತಾರೆ. ಟಿ.ಸಿ. ಕೇಳುತ್ತಾರೆ. ವಿಶ್ವವಿದ್ಯಾಲಯ ಬೇರೆಯಾದರೆ ಮೈಗ್ರೇಷನ್ ಸರ್ಟಿಫಿಕೇಟ್ ಬೇಕು. ಅಂದರೆ ನೀನು ಓದಬೇಕೋ ಬೇಡವೋ ಅನ್ನೋದು ಈಗ ನಿನ್ನ ಕೈಯಲ್ಲೂ ಇಲ್ಲ, ನಿನ್ನ ಗಂಡನ ಕೈಯಲ್ಲೂ ಇಲ್ಲ. ಭಾವನ ಸೊಂಟದ ಬೀಗದ ಕೈಯಲ್ಲಿದೆ.

ಈ ಅಂಕಣ ಓದುವವರಿಗೆ ಗೊತ್ತು, ನಾನು ಇದನ್ನು ಹಿಂದೆಯೂ ಹೇಳಿದ್ದೇನೆ, ಮುಂದೆಯೂ ಹೇಳುತ್ತೇನೆ. ಹೆಣ್ಣುಮಕ್ಕಳ ಕಾಗದಪತ್ರ ಅವರ ಕೈಯಲ್ಲೇ ಇರಬೇಕು. ನನಗೆ ಇದು ಪೆಟ್ಟು ತಿಂದೇ ಗೊತ್ತಾಗಿದ್ದು. ನನ್ನ ಬಿ.ಎ. ಮಾರ್ಕ್ಸ್ ಕಾರ್ಡುಗಳು ತವರಿನ ಟ್ರಂಕಿನಲ್ಲಿದ್ದವು. ಬಳ್ಳಾರಿಯಲ್ಲಿ ಒಂದು ಸಂದರ್ಶನಕ್ಕೆ ಕರೆ ಬಂತು, ತರಲು ಹೋದೆ. ಅವ್ವ ಟ್ರಂಕ್ ತೆಗೆದರೆ ಮೇಲಿನ ಸೀರೆ ಚೆನ್ನಾಗಿದೆ, ಕೆಳಗೆ ಕೈ ಹಾಕಿದರೆ ಮಣ್ಣು ಮಣ್ಣು. ಗೆದ್ದಲು. ಎರಡನೇ ವರ್ಷದ ಕಾರ್ಡಿನಲ್ಲಿ ವಿಶ್ವವಿದ್ಯಾಲಯದ ಮುದ್ರೆಯ ಅರ್ಧ, ನನ್ನ ಹೆಸರಿನ ಎರಡು ಅಕ್ಷರ, ಇಷ್ಟೇ ಉಳಿದಿತ್ತು. ಡೂಪ್ಲಿಕೇಟ್ ತೆಗೆಸಲು ಅರ್ಜಿ, ಅಫಿಡವಿಟ್, ಚಲನ್, ಓಡಾಟ. ಕಾರ್ಡು ಕೈಗೆ ಬರುವ ಹೊತ್ತಿಗೆ ಆ ಕೆಲಸ ಬೇರೆಯವರಿಗೆ ಹೋಗಿತ್ತು. ಟ್ರಂಕಿಗೆ ಬೀಗ ಹಾಕಿದ ನಮ್ಮ ಅಪ್ಪನೂ ಭದ್ರವಾಗಿರಲಿ ಅಂತಲೇ ಹಾಕಿದ್ದರು.

ನೀನು ಎರಡು ಪುಟ ಭಾವನ ಮೇಲೆ ದೂರು ಬರೆದಿದ್ದೀಯ. ನನಗೆ ಅವರಿಗಿಂತ ಜಾಸ್ತಿ ಸಿಟ್ಟು ಬಂದಿದ್ದು ನಿಮ್ಮಣ್ಣನ ಮೇಲೆ. ಭಾವ ಕೈಗೆ ಬಂದ ಫೈಲನ್ನು ತಿಜೋರಿಯಲ್ಲಿ ಇಟ್ಟರು, ಹೊಲದ ಪಹಣಿ ಇಟ್ಟ ಹಾಗೆ. ಆದರೆ ಕೊಟ್ಟವನು ಯಾರು? ನಿನ್ನ ಜೊತೆ ಬೆಳೆದವನು, ನೀನು ಓದುವುದನ್ನು ಕಣ್ಣಾರೆ ನೋಡಿದವನು. ಪಾತ್ರೆ, ಹಾಸಿಗೆ, ಬಂಗಾರ ಎಲ್ಲ ಲೆಕ್ಕ ಮಾಡಿ ಒಪ್ಪಿಸುವಾಗ ಅದರ ಜೊತೆ ಇದನ್ನೂ ಒಪ್ಪಿಸಿದ. ನೀನು ಅಲ್ಲೇ ನಿಂತಿದ್ದೆ. "ತಗೋ, ಇದು ನಿಂದು" ಅಂತ ನಿನ್ನ ಕೈಗೆ ಕೊಡೋಕೆ ಅವನಿಗೆ ಏನು ಅಡ್ಡಿ ಇತ್ತು? ಒಳ್ಳೆಯ ಅಣ್ಣ ಇರಬಹುದು, ಹಬ್ಬಕ್ಕೆ ಸೀರೆ ತರಬಹುದು. ಈ ಒಂದು ಕೆಲಸ ಅವನು ತಪ್ಪು ಮಾಡಿದ. ಅದನ್ನು ಅವನಿಗೆ ಹೇಳು.

ಈಗ ಧೂಳು ಒರೆಸುವ ಮಾತಿಗೆ ಬರ್ತೀನಿ, ಯಾಕೆಂದರೆ ಅದು ನಿನ್ನ ಮನಸ್ಸಿಗೂ ಸ್ವಲ್ಪ ತಾಕಿದ ಹಾಗಿದೆ. "ನಿಜಕ್ಕೂ ಇದರಲ್ಲಿ ಓದೋದು ಏನಿದೆ ಅಂತ ನನಗೇ ಕೆಲವು ಸಲ ಅನಿಸುತ್ತೆ" ಅಂತ ಬರೆದಿದ್ದೀಯ. ಅದೇ ಪತ್ರದಲ್ಲಿ ಇನ್ನೊಂದು ಕಡೆ, ಏನೂ ಅಲ್ಲವೆಂಬಂತೆ, ಊರ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಮಧ್ಯಾಹ್ನದ ಹೊತ್ತು ಕೂತು ಪುಸ್ತಕ ಜೋಡಿಸಿದ್ದನ್ನೂ ಬರೆದಿದ್ದೀಯ. ಈ ಗ್ರಾಮ ಗ್ರಂಥಾಲಯಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಪಂಚಾಯಿತಿಗಳ ಕೈಗೆ ಬಂದವು. ಎಷ್ಟೋ ಕಡೆ ಮೇಲ್ವಿಚಾರಕರು ಒಬ್ಬರೇ, ಕೆಲಸ ರಾಶಿ. ನಿಮ್ಮೂರಿನ ಮೇಲ್ವಿಚಾರಕಿ ಅಕ್ಕ ನಿನ್ನನ್ನು ಒಳಗೆ ಬಿಟ್ಟಿದ್ದಕ್ಕೆ ಅವರಿಗೆ ನನ್ನ ನಮಸ್ಕಾರ ಹೇಳು.

ನೀನು ಅಲ್ಲಿ ಮಾಡಿದ್ದೇನು? ಒಂದೊಂದು ಪುಸ್ತಕದ ಬೆನ್ನಿಗೂ ಬಿಳಿ ಚೀಟಿ ಅಂಟಿಸಿ ಸ್ಕೆಚ್ ಪೆನ್ನಿನಲ್ಲಿ ವಿಷಯಕ್ಕೊಂದರಂತೆ ಡ್ಯೂಯಿ ವರ್ಗೀಕರಣದ ನಂಬರ್ ಬರೆದೆ. ಕನ್ನಡ ಸಾಹಿತ್ಯಕ್ಕೆ 894.814. ಭತ್ತಕ್ಕೆ 633.18. ಕಾದಂಬರಿಗಳ ಮಧ್ಯೆ ಸಿಕ್ಕಿಕೊಂಡಿದ್ದ ಒಂದು ತೆಳ್ಳನೆಯ ಕೃಷಿ ಪುಸ್ತಿಕೆಯನ್ನು ಎಳೆದು ತೆಗೆದು ಅದರ ಜಾಗದಲ್ಲಿ ಇಟ್ಟೆ. ಹದಿನೈದು ದಿನ ಬಿಟ್ಟು ಒಬ್ಬ ರೈತ ಬಂದು ಗದ್ದೆಗೆ ಬೆಂಕಿ ರೋಗ ಬಿದ್ದಿದೆ, ಏನಾದರೂ ಪುಸ್ತಕ ಇದೆಯಾ ಅಂದ. ನೀನು ಎದ್ದು ಹೋಗಿ ಒಂದೇ ನಿಮಿಷದಲ್ಲಿ ಅದನ್ನು ತಂದುಕೊಟ್ಟೆ. ಅವನು ಅದೇ ಪುಸ್ತಿಕೆ ಹಿಡಿದುಕೊಂಡು ನಿನ್ನ ಗಂಡನ ಅಂಗಡಿಗೆ ಹೋಗಿ, ಇಂಥದೇ ಔಷಧಿ ಬೇಕು ಅಂತ ಬೆರಳಿಟ್ಟು ತೋರಿಸಿದ. ರಾತ್ರಿ ಊಟಕ್ಕೆ ಕೂತಾಗ ನಿನ್ನ ಗಂಡ "ಆ ಪುಸ್ತಕ ಎಲ್ಲಿತ್ತು?" ಅಂತ ಕೇಳಿದರು.

ಆ ಪುಸ್ತಿಕೆ ಅಲ್ಲಿ ಎಷ್ಟು ವರ್ಷದಿಂದ ಬಿದ್ದಿತ್ತೋ ಏನೋ. ಇದ್ದೂ ಇಲ್ಲದ ಹಾಗಿತ್ತು. ನೀನು ನಂಬರ್ ಬರೆದ ಮೇಲೆ ಸಿಕ್ಕಿತು. ಇದೇ ಓದು ತಂಗಿ. ಬಿ.ಲಿಬ್‌ನಲ್ಲಿ ನೀನು ಕಲಿತಿದ್ದು ಇದರ ಮೊದಲ ಮೆಟ್ಟಿಲು. ಎಂ.ಲಿಬ್‌ನಲ್ಲಿ ಡಿಜಿಟಲ್ ಗ್ರಂಥಾಲಯ ಕಟ್ಟೋದು, ಪುಸ್ತಕಗಳ ಪಟ್ಟಿ, ಲೆಕ್ಕ ಇಡುವ ಕೋಹಾದಂಥ ಸಾಫ್ಟ್‌ವೇರ್ ನಡೆಸೋದು, ಸಂಶೋಧನಾ ವಿಧಾನ ಎಲ್ಲ ಬರುತ್ತೆ.

ನಮ್ಮ ದೇಶದಲ್ಲಿ ಗ್ರಂಥಾಲಯ ಶಾಸ್ತ್ರಕ್ಕೆ ಬುನಾದಿ ಹಾಕಿದ ಎಸ್.ಆರ್. ರಂಗನಾಥನ್ ಬಗ್ಗೆ ನೀನು ಪರೀಕ್ಷೆಗೆ ಓದಿರ್ತೀಯ. ಅವರು ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೆಲವೇ ದಿನಕ್ಕೆ ಬೇಜಾರಾಗಿ ನನ್ನನ್ನು ಪಾಠಕ್ಕೇ ವಾಪಸ್ ಕಳಿಸಿ ಅಂದರು. ಅವರಿಗೂ ಆಗ ಇದರಲ್ಲಿ ಮಾಡೋದು ಏನಿದೆ ಅಂತಲೇ ಅನಿಸಿತ್ತು, ನಿನಗೆ ಅನಿಸಿದ ಹಾಗೆ. ಲಂಡನ್ನಿಗೆ ಹೋಗಿ ಕಲಿತು, ಅಲ್ಲಿನ ಗ್ರಂಥಾಲಯಗಳನ್ನು ಸುತ್ತಿ ನೋಡಿದ ಮೇಲೆ ಮತ್ತೆ ಗಣಿತದ ಕಡೆ ತಿರುಗಲಿಲ್ಲ. ಗ್ರಂಥಾಲಯ ಹೇಗಿರಬೇಕು ಅನ್ನೋದಕ್ಕೆ ಐದು ಸೂತ್ರ ಬರೆದರು, 1931ರಲ್ಲಿ ಅಚ್ಚಾಯಿತು. ಎರಡು ವರ್ಷಕ್ಕೆ ಪುಸ್ತಕಗಳನ್ನು ವಿಷಯವಾರು ವಿಂಗಡಿಸುವ ಅವರದೇ ಪದ್ಧತಿ, ಕೋಲನ್ ವರ್ಗೀಕರಣ, ಬಂತು. 1962ರಲ್ಲಿ ನಮ್ಮ ಬೆಂಗಳೂರಿನಲ್ಲೇ ಈ ಶಾಸ್ತ್ರದ ತರಬೇತಿ ಕೇಂದ್ರ ಶುರು ಮಾಡಿದರು. 1972ರಲ್ಲಿ ತೀರಿಕೊಂಡಿದ್ದೂ ಬೆಂಗಳೂರಿನಲ್ಲೇ. ಅವರು ಹುಟ್ಟಿದ ದಿನ ಅಂತಲೇ ಆಗಸ್ಟ್ 12ನ್ನು ಗ್ರಂಥಪಾಲಕರ ದಿನ ಅಂತ ಆಚರಿಸುತ್ತಾರೆ.

ಅವರ ಮೊದಲ ಸೂತ್ರ ನೆನಪಿದೆಯಲ್ಲ? ಪುಸ್ತಕಗಳು ಇರೋದು ಬಳಕೆಗೆ. ಒಂದು ಕಾಲಕ್ಕೆ ಯುರೋಪಿನ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಕಳುವಾಗದಿರಲಿ ಅಂತ ಕಬ್ಬಿಣದ ಸರಪಳಿ ಹಾಕಿ ಕಪಾಟಿಗೇ ಕಟ್ಟುತ್ತಿದ್ದರು. ಅಷ್ಟು ಭದ್ರ. ಪರೀಕ್ಷೆಯಲ್ಲಿ ಈ ಸೂತ್ರಕ್ಕೆ ಉತ್ತರ ಬರೆದು ಮಾರ್ಕ್ಸ್ ತಗೊಂಡವಳು ನೀನು. ಆ ಮಾರ್ಕ್ಸ್ ಕಾರ್ಡೇ ಈಗ ತಿಜೋರಿಯಲ್ಲಿ ಕೂತಿದೆ.

ಭಾವನಿಗೆ ಉತ್ತರ ಕೊಡಬೇಕು ಅನಿಸಿದರೆ ಇಷ್ಟು ಹೇಳು. ಕಾಲೇಜಿನ ಗ್ರಂಥಪಾಲಕ ಹುದ್ದೆಗೆ ಯು.ಜಿ.ಸಿ. ನಿಯಮದಲ್ಲಿ ಎಂ.ಲಿಬ್ ಬೇಕು, ಅದರಲ್ಲಿ 55% ಬೇಕು, ಜೊತೆಗೆ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಅದೇ ನಿಯಮದ ಪ್ರಕಾರ ಶುರುವಿನ ಮೂಲ ವೇತನ ತಿಂಗಳಿಗೆ 57,700 ರೂಪಾಯಿ, ಪಾಠ ಮಾಡುವ ಸಹಾಯಕ ಪ್ರಾಧ್ಯಾಪಕರಿಗೆ ಇದ್ದಷ್ಟೇ. ಆ ಹುದ್ದೆಗೆ ನೆಟ್ ಬರೆಯಲು ವಯಸ್ಸಿನ ಮಿತಿ ಇಲ್ಲ, ಹಾಗಾಗಿ 27ಕ್ಕೆ ತಡವಾಯ್ತು ಅಂತ ಕೊರಗಬೇಡ. ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿಯೂ ಇದೆ. ಅದರ ಪ್ರಮಾಣಪತ್ರಕ್ಕೆ ಅರ್ಜಿ ಹಾಕೋಕೂ ದಾಖಲೆ ಬೇಕು, ಮತ್ತೆ ಅದೇ ಫೈಲು. ಕೆಲಸ ಸಿಕ್ಕೇ ಸಿಗುತ್ತೆ ಅಂತ ನಾನು ಭಾಷೆ ಕೊಡಲ್ಲ. ಹುದ್ದೆ ಕರೆಯೋದು ತಡ, ಕಾಯಬೇಕಾಗುತ್ತೆ. ಆದರೆ ಕರೆದಾಗ ಅರ್ಜಿ ಹಾಕೋಕೆ ನೀನು ಅರ್ಹಳಾಗಿರಬೇಕು ಅಲ್ವಾ?

ರೆಗ್ಯುಲರ್ ಒಳ್ಳೆಯದೋ ದೂರ ಶಿಕ್ಷಣವೋ ಅನ್ನೋದಕ್ಕೆ ನನ್ನ ಅಭಿಪ್ರಾಯ ಇಷ್ಟು. ಮಗು ಇನ್ನೂ ಚಿಕ್ಕದು, ಸಿಂಧನೂರಿನ ಕಡೆಯಿಂದ ದಿನಾ ಕಲಬುರಗಿಗೆ ಓಡಾಡೋಕೆ ಆಗಲ್ಲ, ಹಾಸ್ಟೆಲ್ ಹಿಡಿಯಬೇಕು. ಅದಕ್ಕೆ ನಿನ್ನ ಮನಸ್ಸು ಒಪ್ಪಿದರೆ ಹೋಗು, ಅತ್ತೆ ಮಾತು ಕೊಟ್ಟಿದ್ದಾರೆ. ಆ ಹೆಂಗಸಿನ ಮಾತನ್ನು ನೀನು ಒಂದೇ ಸಾಲಲ್ಲಿ ಮುಗಿಸಿದ್ದೀಯ, ನನಗೆ ಅದು ಬೇಜಾರಾಯ್ತು. ನಮ್ಮ ಕಡೆ ಎಷ್ಟು ಅತ್ತೆಯರು ಹಾಗೆ ಹೇಳ್ತಾರೆ? ಮನಸ್ಸು ಒಪ್ಪದಿದ್ದರೆ ದೂರ ಶಿಕ್ಷಣ ಕೀಳು ಅಂದುಕೊಳ್ಳಬೇಡ. ಮಾನ್ಯತೆ ಇರುವ ವಿಶ್ವವಿದ್ಯಾಲಯದ ದೂರ ಶಿಕ್ಷಣದ ಪದವಿ ರೆಗ್ಯುಲರ್‌ಗೆ ಸಮ ಅಂತ 2022ರಲ್ಲಿ ಯು.ಜಿ.ಸಿ.ಯೇ ಹೇಳಿದೆ. ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಲಿಬ್ ಆದವರಿಗೆ ಎಂ.ಲಿಬ್ ಒಂದೇ ವರ್ಷ. ಮನೆಯಲ್ಲಿ ಕೂತು ಕಲಿಯೋಕೆ ಆಗದ್ದು ಕೈಕೆಲಸ. ಅದಕ್ಕೆ ನಿನಗೆ ಅರಿವು ಕೇಂದ್ರ ಇದೆ. ಕೋಹಾ ಉಚಿತ ಸಾಫ್ಟ್‌ವೇರ್, ಹಳೆಯ ಲ್ಯಾಪ್‌ಟಾಪಿಗೂ ಹಾಕಿಕೊಂಡು ಕಲಿಯಬಹುದು. ನೀನು ಚೀಟಿ ಅಂಟಿಸಿದ ಪುಸ್ತಕಗಳನ್ನೇ ಅದಕ್ಕೆ ಏರಿಸು.

ಗಂಡನ ಬಗ್ಗೆ ಜಾಸ್ತಿ ಹೇಳಲ್ಲ. ಪುಸ್ತಕ ಎಲ್ಲಿತ್ತು ಅಂತ ಕೇಳಿದ ಮನುಷ್ಯ ನಿನ್ನ ಓದಿಗೆ ಅಡ್ಡ ಬರುವವನಲ್ಲ ಅಂತ ನನಗೆ ಅನಿಸುತ್ತೆ. ತಮ್ಮಣ್ಣನ, ಅಂದರೆ ನಿನ್ನ ಭಾವನ, ಎದುರು ಬಾಯಿ ಬಿಟ್ಟು ಅಭ್ಯಾಸ ಇಲ್ಲ, ಅಷ್ಟೇ. ಅವರನ್ನು ಮುಂದೆ ಬಿಡಬೇಡ, ಆ ಮಾತು ನೀನೇ ಆಡು.

ಹಾಗಾಗಿ ನಾನು ಹೇಳೋದು ಒಂದೇ ಕೆಲಸ. ಸದ್ಯಕ್ಕೆ ನೀನಾಗಿ ಎಂ.ಲಿಬ್ ಮಾತು ಎತ್ತಬೇಡ. ಯಾವ ಊರು, ಎಷ್ಟು ಫೀಸು, ಯಾವುದೂ ಬೇಡ. ಮೊದಲು ಫೈಲು.

ಇವತ್ತೇ ನಿಮ್ಮಣ್ಣನಿಗೆ ಫೋನ್ ಮಾಡು. ಭಾನುವಾರ ಬಾ, ನೀನು ಕೊಟ್ಟಿದ್ದನ್ನು ನನ್ನ ಕೈಗೆ ಕೊಡಿಸಿ ಹೋಗು ಅನ್ನು. ಅವನು ಬಂದು ಕೂರಲಿ, ಟೀ ಕುಡಿಯಲಿ. ಕೇಳುವವಳು ನೀನು. "ಭಾವಾರ, ನನ್ನ ಫೈಲು ಕೊಡ್ರಿ" ಅನ್ನು. ಯಾಕೆ ಅಂದರೆ "ನನ್ನ ಹತ್ತಿರ ಇರಲಿ ಅಂತ" ಅನ್ನು. ಅದಕ್ಕಿಂತ ಜಾಸ್ತಿ ವಿವರಣೆ ಕೊಡಬೇಡ, ಜಗಳಕ್ಕೂ ಇಳಿಯಬೇಡ. ಝೆರಾಕ್ಸ್ ಕೊಡ್ತೀನಿ ಅಂದರೆ ಬೇಡ, ಒರಿಜಿನಲ್ ಬೇಕು ಅನ್ನು. ನಾಳೆ ಅಂದರೆ ಅಣ್ಣನನ್ನು ರಾತ್ರಿ ಅಲ್ಲೇ ಉಳಿಸಿಕೋ, ಬೆಳಿಗ್ಗೆ ಮತ್ತೆ ಕೇಳು.

ಕೈಗೆ ಬಂದ ಮೇಲೆ ಎಲ್ಲರ ಎದುರೇ ಬಿಚ್ಚಿ ಒಂದೊಂದಾಗಿ ನೋಡು. ಎಸ್ಸೆಸ್ಸೆಲ್ಸಿ, ಪಿಯುಸಿ, ಬಿ.ಎ.ಯ ಎಲ್ಲ ಸೆಮಿಸ್ಟರುಗಳು, ಬಿ.ಲಿಬ್ ಕಾರ್ಡು, ಟಿ.ಸಿ., ಜಾತಿ ಪ್ರಮಾಣಪತ್ರ. ಪದವಿ ಪ್ರಮಾಣಪತ್ರಗಳು ಇವೆಯಾ ನೋಡು. ಮದುವೆ ಗಡಿಬಿಡಿಯಲ್ಲಿ ಬಿ.ಲಿಬ್ ಪದವಿ ಪತ್ರ ನೀನು ತಗೊಂಡೇ ಇಲ್ಲವೇನೋ ಅಂತ ನನಗೆ ಅನುಮಾನ, ಯಾಕೆಂದರೆ ಪತ್ರದಲ್ಲಿ ಎಲ್ಲೂ ಅದರ ಹೆಸರೆತ್ತಿಲ್ಲ. ಯಾವುದನ್ನೂ ಲ್ಯಾಮಿನೇಷನ್ ಮಾಡಿಸಬೇಡ, ಪ್ಲಾಸ್ಟಿಕ್ ಅಂಟಿದರೆ ಮತ್ತೆ ಬಿಡಿಸೋಕೆ ಬರಲ್ಲ. ಗಟ್ಟಿ ರಟ್ಟಿನ ಫೈಲಿಗೆ ಹಾಕಿ, ನಿನ್ನ ಸೀರೆಗಳ ಮಧ್ಯೆ, ನೆಲಕ್ಕೆ ತಾಕದ ಹಾಗೆ ಇಡು. ಒಣಗಿದ ಬೇವಿನ ಎಲೆ ನಾಲ್ಕು ಹಾಕು. ಮಳೆಗಾಲದಲ್ಲಿ ತಿಂಗಳಿಗೊಂದು ಸಲ ತೆಗೆದು ನೋಡು.

ಸೋಮವಾರ ನನಗೆ ಬರಿ. ಭಾವ ಏನಂದರು ಅನ್ನೋದು ನನಗೆ ಬೇಡ. ಫೈಲಿನಲ್ಲಿ ಏನೇನು ಸಿಕ್ಕಿತು, ಏನು ಸಿಗಲಿಲ್ಲ, ಅಷ್ಟು ಪಟ್ಟಿ ಮಾಡಿ ಕಳಿಸು. ಎಲ್ಲಿ ಸೇರಬೇಕು ಅನ್ನೋದನ್ನು ಆ ಪಟ್ಟಿ ಇಟ್ಟುಕೊಂಡು ಮಾತಾಡೋಣ.