ಚಿತ್ರವನ್ನೂ ಬರೆಯುತ್ತೇವೆ ಅಲ್ವಾ, ಮೇಷ್ಟ್ರೇ?

ಪೊನ್ನಂಪೇಟೆ ಕಡೆಯ ನಿವೃತ್ತ ಮೇಷ್ಟ್ರೊಬ್ಬರ ಪತ್ರ ಬಂದಿದೆ. ಹೆಸರು ಹಾಕಬೇಡಿ ಎಂದಿದ್ದಾರೆ, ಸೊಸೆ ನಮ್ಮ ಪತ್ರಿಕೆ ಓದುತ್ತಾರಂತೆ. ಪತ್ರದ ಮುಖ್ಯ ಭಾಗ ಇಷ್ಟು:

"ಹೋದ ಸಂಚಿಕೆಯಲ್ಲಿ ಕಲೆ, ಇತಿಹಾಸದ ಚಿತ್ರ ಪುಸ್ತಕಗಳನ್ನು ಎರಡು ಪುಟ ಹೊಗಳಿದಿರಿ. ಅದನ್ನು ಓದಿ ನನ್ನ ಸೊಸೆ ಮೊಮ್ಮಗನಿಗೆ ಅಂಥದ್ದೊಂದು ತರಿಸಿದಳು. ಬೆಲೆ 1,200 ರೂಪಾಯಿ. ಹುಡುಗನಿಗೆ ಹತ್ತು ವರ್ಷ. ಚಿತ್ರ ನೋಡುತ್ತಾನೆ, ಪುಟ ತಿರುಗಿಸುತ್ತಾನೆ, ಒಂದು ಸಾಲು ಓದುವುದಿಲ್ಲ. ನನ್ನ ಮಗನೂ ಪಕ್ಕದಲ್ಲಿ ಕೂತು ಅದನ್ನೇ ನೋಡುತ್ತಾನೆ. ಅವನಿಗೆ ನಲವತ್ತು! ನಾನು ಮೂವತ್ತನಾಲ್ಕು ವರ್ಷ ಇತಿಹಾಸ ಪಾಠ ಮಾಡಿದವನು. ಚಿತ್ರ ಅನ್ನುವುದು ಓದಲು ಬಾರದವರ ಊರುಗೋಲು. ಎಲ್ಲವನ್ನೂ ತೋರಿಸಿಬಿಟ್ಟರೆ ಮಕ್ಕಳು ಕಲ್ಪನೆ ಮಾಡಿಕೊಳ್ಳುವುದು ಯಾವಾಗ? ಒಪ್ಪಿಗೆ ಇಲ್ಲದಿದ್ದರೆ ಮನೆಗೆ ಬನ್ನಿ, ಕೂತು ಜಗಳ ಮಾಡೋಣ. ದಾರಿ ಕೆಳಗಿದೆ."

ಮೇಷ್ಟ್ರೇ, ನಮಸ್ಕಾರ. ಮೊದಲು ನಿಮ್ಮ ಕೈಬರಹಕ್ಕೊಂದು ನಮಸ್ಕಾರ. ನಮ್ಮ ಆಫೀಸಿನ ಹುಡುಗರಿಗೆಲ್ಲ ತೋರಿಸಿದೆ.

ನಿಮ್ಮ ಮಾತಿನಲ್ಲಿ ನಿಜವಿಲ್ಲ ಅನ್ನುವುದಿಲ್ಲ. ಕಾದಂಬರಿಯ ನಾಯಕಿಯ ಮೂಗು ಹೇಗಿದೆ ಎಂದು ರಕ್ಷಾಪುಟದವರು ನನಗೆ ಹೇಳಿಕೊಡುವುದು ನನಗೂ ಹಿಡಿಸುವುದಿಲ್ಲ. ಅಂಗಡಿಯಲ್ಲಿ ಸಿಗುವ ಎಷ್ಟೋ ಚಿತ್ರ ಪುಸ್ತಕಗಳು ಸುಮ್ನೆ ಬಣ್ಣ ತುಂಬಿದ ರದ್ದಿ, ಅದೂ ಸರಿ. ಇಷ್ಟು ಒಪ್ಪಿದೆ. ಇನ್ನು ನನ್ನ ಸರದಿ.

ನಮ್ಮ ಭಾಷೆಯನ್ನೇ ನೋಡಿ. ಅಕ್ಷರ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಎರಡಕ್ಕೂ ಒಂದೇ ಮಾತು. ಸಾಗರದ ಕಡೆ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವ ಹೆಂಗಸರು ಇದ್ದಾರಲ್ಲ, ಅವರೂ ಹಾಗೇ ಅನ್ನುವುದು. ಅಕ್ಷರ ದೊಡ್ಡವರಿಗೆ, ಚಿತ್ರ ಚಿಕ್ಕವರಿಗೆ ಎಂದು ಪಾಲು ಮಾಡಿದವರು ಯಾರು? ಮೂಡಬಿದಿರೆಯ ಬಸದಿಯಲ್ಲಿ 12ನೇ ಶತಮಾನದ ಓಲೆಗರಿ ಗ್ರಂಥಗಳಿವೆ, ಧವಲಾ ಗ್ರಂಥಗಳು. ಒಳಗಿರುವುದು ಜೈನರ ಕರ್ಮ ಸಿದ್ಧಾಂತ. ಅದನ್ನು ಮಕ್ಕಳ ಕೈಗೆ ಯಾರೂ ಕೊಡಲಿಲ್ಲ. ಆದರೆ ಗರಿಗಳ ಮೇಲೆ ಬಣ್ಣದ ಚಿತ್ರಗಳಿವೆ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಒಂಬತ್ತು ನಿಧಿಗಳ 'ಶ್ರೀತತ್ತ್ವನಿಧಿ' ಮಾಡಿಸಿದಾಗ ದೇವತೆಗಳಿಂದ ಯೋಗಾಸನಗಳವರೆಗೆ ಎಲ್ಲವನ್ನೂ ಚಿತ್ರ ಬರೆಸಿಯೇ ಮಾಡಿಸಿದರು. ಆ ಅರಸರಿಗೆ ಓದಲು ಬರುತ್ತಿರಲಿಲ್ಲ ಅನ್ನುತ್ತೀರಾ?

ಪಾಲು ಮಾಡಿದ್ದು ಅಚ್ಚುಮೊಳೆ, ಅಂದರೆ ಜೋಡಿಸಿ ಅಚ್ಚು ಹಾಕುವ ಬಿಡಿ ಅಕ್ಷರ, ಎಂದು ನನ್ನ ಅನುಮಾನ. ಹೆರ್ಮನ್ ಮೋಗ್ಲಿಂಗ್, ಮುಂದೆ ನಮ್ಮ ಕೊಡಗಿಗೂ ಬಂದು ಕೆಲಸ ಮಾಡಿದ ಪಾದ್ರಿ, 1843ರಲ್ಲಿ 'ಮಂಗಳೂರು ಸಮಾಚಾರ' ಪತ್ರಿಕೆ ಹೊರಡಿಸಿದಾಗ ಅದು ಕಲ್ಲಚ್ಚಿನಲ್ಲಿ ಬಂತು. ಕಲ್ಲಚ್ಚು ಎಂದರೆ ನಯ ಮಾಡಿದ ಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಬರೆಯುವುದು. ಅಕ್ಷರ ಬರೆದರೂ ಅದೇ ಶಾಯಿ, ಆನೆ ಬರೆದರೂ ಅದೇ ಶಾಯಿ. ಖರ್ಚು ಒಂದೇ. ಆಮೇಲೆ ಎಲ್ಲ ಕಡೆ ಸೀಸದ ಮೊಳೆ ಬಂತು. ಅಕ್ಷರ ಅಗ್ಗವಾಯಿತು. ಚಿತ್ರಕ್ಕೆ ಮಾತ್ರ ಬೇರೆ ಬ್ಲಾಕ್, ಅಂದರೆ ಚಿತ್ರದ ಅಚ್ಚು, ಮಾಡಿಸಬೇಕು, ಅದಕ್ಕೆ ಬೇರೆ ದುಡ್ಡು.

ನಾನು ಈ ಕೆಲಸಕ್ಕೆ ಸೇರಿದಾಗ ಇನ್ನೂ ಮೊಳೆ ಜೋಡಿಸುವ ಕಾಲ. ಮಡಿಕೇರಿಯಿಂದ ಚಿತ್ರವನ್ನು ಬಸ್ಸಿನಲ್ಲಿ ಮೈಸೂರಿಗೆ ಕಳಿಸಬೇಕು, ಅಲ್ಲಿ ಬ್ಲಾಕ್ ಆಗಿ ಬಸ್ಸಿನಲ್ಲೇ ವಾಪಸ್ ಬರಬೇಕು. ಮಳೆಗಾಲದಲ್ಲಿ ಬಸ್ಸೇ ಬರುವುದಿಲ್ಲ. ನಾವು ಅಚ್ಚು ಹಾಕಿಸುತ್ತಿದ್ದ ಪ್ರೆಸ್ಸಿನಲ್ಲಿ ಒಂದು ಹಳೇ ಆನೆಯ ಬ್ಲಾಕ್ ಇತ್ತು. ತೋಟಕ್ಕೆ ಆನೆ ನುಗ್ಗಿದ ಸುದ್ದಿಗೂ ಅದೇ ಆನೆ, ಮೈಸೂರು ದಸರಾ ಲೇಖನಕ್ಕೂ ಅದೇ ಆನೆ, ಗಣಪತಿ ಹಬ್ಬಕ್ಕೆ ಏನೂ ಸಿಗದಿದ್ದರೆ ಅದೇ ಆನೆ. ಒಂದು ದಂತದ ತುದಿ ಸವೆದು ಹೋಗಿತ್ತು. ಆ ಆನೆ ಎಷ್ಟು ಲೇಖನ ಹೊತ್ತಿತೋ! ಹೀಗೆ ದೊಡ್ಡವರ ಪುಸ್ತಕದಿಂದ ಚಿತ್ರ ಹೊರಗೆ ಹೋಯಿತು, ಮೇಷ್ಟ್ರೇ. ಹೋದದ್ದು ದುಡ್ಡಿಲ್ಲದೆ. ನಾವು ಮಾತ್ರ ಬುದ್ಧಿ ಬೆಳೆದದ್ದರಿಂದ ಹೋಯಿತು ಅಂದುಕೊಂಡೆವು. ಈಗ ಆಫ್‌ಸೆಟ್ ಮುದ್ರಣ ಬಂದು ದಶಕಗಳಾದವು. ಅಕ್ಷರವೂ ಚಿತ್ರವೂ ಮತ್ತೆ ಒಂದೇ ಪ್ಲೇಟಿನಲ್ಲಿ ಕೂರುತ್ತವೆ. ಹಳೇ ಅಭ್ಯಾಸ ಮಾತ್ರ ಹೋಗಿಲ್ಲ.

ಇತಿಹಾಸದ ಮೇಷ್ಟ್ರಿಗೆ ಕಲಾ ಇತಿಹಾಸಕಾರ ಗೊಂಬ್ರಿಚ್ ಹೆಸರು ಹೇಳಬೇಕಾಗಿಲ್ಲ. 1950ರಲ್ಲಿ ಅವರ 'ದ ಸ್ಟೋರಿ ಆಫ್ ಆರ್ಟ್' ಬಂತು. ಅದರ ಮುನ್ನುಡಿಯಲ್ಲಿ ಒಂದು ನಿಯಮ ಹೇಳಿಕೊಂಡಿದ್ದಾರೆ: ಯಾವ ಕೃತಿಯ ಚಿತ್ರವನ್ನು ಪುಸ್ತಕದಲ್ಲಿ ತೋರಿಸಲು ಆಗುವುದಿಲ್ಲವೋ ಅದರ ಬಗ್ಗೆ ಆದಷ್ಟೂ ಬರೆಯಬಾರದು. ಬರೆಯುವಾಗ ಅವರ ಮನಸ್ಸಿನಲ್ಲಿದ್ದ ಓದುಗರು ಹದಿಹರೆಯದವರು. ಅದನ್ನೇ ಲೋಕದ ಪ್ರೊಫೆಸರರೆಲ್ಲ ಓದಿದರು. ಇನ್ನೊಬ್ಬರು ಡೇವಿಡ್ ಮೆಕಾಲೆ. ಇಂಗ್ಲಿಷ್ ಶಿಕ್ಷಣ ಹೇರಿದನೆಂದು ನಿಮ್ಮ ಕಾಲದ ಮೇಷ್ಟ್ರುಗಳು ದಿನಾ ಬೈಯುತ್ತಿದ್ದ ಮೆಕಾಲೆ ಅಲ್ಲ, ಗಾಬರಿಯಾಗಬೇಡಿ. ಇವರು ಚಿತ್ರಕಾರರು. 1973ರಲ್ಲಿ 'ಕೆಥೆಡ್ರಲ್' ಅಂತ ಒಂದು ಪುಸ್ತಕ ಮಾಡಿದರು. ಒಂದು ಕಲ್ಪಿತ ಊರಿನಲ್ಲಿ ದೊಡ್ಡ ಇಗರ್ಜಿ ಏಳುತ್ತದೆ. ತಳಪಾಯ ತೋಡುವುದರಿಂದ ಚಾವಣಿ ಮುಗಿಯುವವರೆಗೆ ಎಲ್ಲವೂ ಕಪ್ಪು ಶಾಯಿಯ ಗೆರೆಯಲ್ಲಿ. ಬಣ್ಣವೇ ಇಲ್ಲ. ನಾನು ಅದನ್ನು ಮೊದಲು ನೋಡಿದಾಗ ನನಗೆ ಐವತ್ತು ದಾಟಿತ್ತು. ಆ ರಾತ್ರಿ ಊಟಕ್ಕೆ ಎರಡು ಸಲ ಕರೆಸಿಕೊಂಡೆ. ನಿಮ್ಮ ಮಗನ ಬಗ್ಗೆ ನನಗೆ ಪ್ರೀತಿ ಹುಟ್ಟಿದ್ದು ಇದಕ್ಕೇ!

ನಮ್ಮಲ್ಲಿ ಇರಲಿಲ್ಲವೇ? ಶಿವರಾಮ ಕಾರಂತರು 1936ರಲ್ಲೇ ಮೂರು ಸಂಪುಟಗಳ ಮಕ್ಕಳ ವಿಶ್ವಕೋಶ 'ಬಾಲ ಪ್ರಪಂಚ' ತಂದರು. ಸಸ್ಯಶಾಸ್ತ್ರಜ್ಞ ಬಿ.ಜಿ.ಎಲ್. ಸ್ವಾಮಿಯವರ 'ಹಸಿರು ಹೊನ್ನು' ನಿಮ್ಮ ಕಪಾಟಿನಲ್ಲಿ ಇದ್ದೇ ಇರುತ್ತದೆ. 1978ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪುಸ್ತಕ. ಗಿಡಗಳ ಚಿತ್ರ, ತಮಾಷೆ ಚಿತ್ರ, ಎಲ್ಲ ಸ್ವಾಮಿಯವರದೇ ಕೈ. ಅದರ ಚಿತ್ರ ತೆಗೆದುಹಾಕಿ ಓದಿ ನೋಡಿ, ಉಪ್ಪಿಲ್ಲದ ಪಂದಿ ಕರಿ.

ಊರುಗೋಲು ಅಂದಿರಿ. ಅದಕ್ಕೊಂದು ನಮ್ಮ ಮನೆಯ ಉದಾಹರಣೆ ಕೊಡುತ್ತೇನೆ. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮನ ಕಥೆ ನೀವು ಎಷ್ಟು ಸಲ ಪಾಠ ಮಾಡಿದ್ದೀರೋ. 1834ರಲ್ಲಿ ರಾಜ್ಯ ಹೋಯಿತು, ಅಪ್ಪ ಮಗಳು ಇಂಗ್ಲೆಂಡಿಗೆ ಹೋದರು, 1852ರಲ್ಲಿ ಆಕೆ ಕ್ರೈಸ್ತಳಾದಾಗ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತಳು. ನಾನೂ ಇದನ್ನೆಲ್ಲ ಹತ್ತಾರು ಸಲ ಓದಿದ್ದೆ. ರಾಜಕುಮಾರಿ ಅಂದಾಗಲೆಲ್ಲ ಕಣ್ಣ ಮುಂದೆ ಬರುತ್ತಿದ್ದದ್ದು ಒಬ್ಬ ತರುಣಿ. ಆ 1852ರಲ್ಲೇ ವಿಂಟರ್‌ಹಾಲ್ಟರ್ ಎಂಬ ಚಿತ್ರಕಾರ ಆಕೆಯ ಚಿತ್ರ ಬರೆದಿದ್ದಾನೆ. ಒಂದು ಪುಸ್ತಕದಲ್ಲಿ ಅದನ್ನು ನೋಡಿದ ದಿನ ಮಾತೇ ಹೊರಡಲಿಲ್ಲ. ಹುಡುಗಿ! ಹನ್ನೊಂದು ವರ್ಷದ, ನಮ್ಮ ಬೀದಿಯಲ್ಲಿ ಆರನೇ ಕ್ಲಾಸಿಗೆ ಹೋಗುವ ಹುಡುಗಿ. ವಯಸ್ಸು ಪುಸ್ತಕಗಳಲ್ಲಿ ಇತ್ತು, ಲೆಕ್ಕ ಹಾಕಬಹುದಿತ್ತು. ನಾನು ಹಾಕಿರಲಿಲ್ಲ. ನಿಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಜನ ಹಾಕಿದ್ದರು?

ಆಮೇಲೆ ಇನ್ನೊಂದು ಹುಳ ಹೊಕ್ಕಿತು. ಆ ಚಿತ್ರಕಾರ ಯುರೋಪಿನ ರಾಜರಾಣಿಯರನ್ನು ಚೆಂದ ಮಾಡಿ ಬರೆಯುವುದಕ್ಕೇ ಹೆಸರಾದವನು. ಹಾಗಾದರೆ ಆ ಮುಖದಲ್ಲಿ ಎಷ್ಟು ಕೊಡಗು, ಎಷ್ಟು ರಾಣಿಯ ಆಸೆ? ತೋರಿಸಿಬಿಟ್ಟರೆ ಕಲ್ಪನೆ ಸಾಯುತ್ತದೆ ಅನ್ನುವಿರಲ್ಲ, ನನಗಂತೂ ಆ ಚಿತ್ರ ನೋಡಿದ ಮೇಲೆಯೇ ನಿದ್ದೆ ಕೆಟ್ಟದ್ದು.

ಇಲ್ಲಿ ಒಂದು ಮಾತು ಸೇರಿಸಬೇಕು. ನಾನು ಚಿತ್ರ ಅನ್ನುವಾಗ ಹೊಳೆಯುವ ಫೋಟೋ ಪುಸ್ತಕವನ್ನು ಹೇಳುತ್ತಿಲ್ಲ. ಹೋಂಸ್ಟೇಗಳ ಹಜಾರದಲ್ಲಿ ಇರುತ್ತವಲ್ಲ, ಕಾಫಿ ಟೇಬಲ್ ಬುಕ್ಕು. ಕಾಫಿ ಬೆಳೆಯುವವರು ನಾವು, ಕುಡಿಯುವುದು ಕೈಯಾಲೆಯಲ್ಲಿ, ಅಂದರೆ ಮನೆ ಮುಂದಿನ ಜಗಲಿಯಲ್ಲಿ, ನಿಂತುಕೊಂಡು, ಟೇಬಲ್ ಯಾರಿಗಿದೆ? ಅವುಗಳಲ್ಲಿ ಮಂಜು ಇರುತ್ತದೆ, ಜಲಪಾತ ಇರುತ್ತದೆ, ಕೊಡವರ ನಿಲುವಂಗಿ ಕುಪ್ಯ ಹಾಕಿ ನಗುವ ತಾತ ಇರುತ್ತಾರೆ. ಆ ತಾತನ ಪೀಚೆಕತ್ತಿಯನ್ನು ಯಾರು ಮಾಡಿದರು, ಹೇಗೆ ಮಾಡಿದರು ಎಂದು ಒಂದು ಗೆರೆಯೂ ಇರುವುದಿಲ್ಲ.

ಮತ್ತೆ ನಮ್ಮ ಮಳೆ. ಒಳ್ಳೆಯ ಆರ್ಟ್ ಪೇಪರಿನ ಅಜಂತಾ ಪುಸ್ತಕವೊಂದನ್ನು ಸಾಲ ಮಾಡಿ ಕೊಂಡಿದ್ದೆ. ಆ ಕಾಗದಕ್ಕೆ ನಯ ಬರಲಿ ಎಂದು ಬಿಳಿ ಜೇಡಿಯ ಲೇಪ ಕೊಟ್ಟಿರುತ್ತಾರೆ. ಜಡಿಮಳೆಯ ಕಕ್ಕಡ ತಿಂಗಳ ಥಂಡಿಗೆ ಆ ಲೇಪವೇ ಅಂಟಾಗುತ್ತದೆ. ಆಗಸ್ಟಿನಲ್ಲಿ ತೆರೆದರೆ ಪುಟಗಳು ಒಂದಕ್ಕೊಂದು ಕಚ್ಚಿಕೊಂಡಿವೆ. ಮೆಲ್ಲಗೆ ಎಳೆದೆ. ಪದ್ಮಪಾಣಿಯ ಮುಖ ಎದುರಿನ ಪುಟಕ್ಕೆ ಹೊರಟುಹೋಯಿತು. ಅದರ ಪಕ್ಕದಲ್ಲೇ ಸಾದಾ ಕಾಗದದ 'ಹಸಿರು ಹೊನ್ನು' ಇತ್ತು. ಸ್ವಲ್ಪ ಬೂಷ್ಟು ಹಿಡಿದಿತ್ತು ಅಷ್ಟೇ. ಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ ಇಟ್ಟೆ. ಇವತ್ತಿಗೂ ಓದುತ್ತೇನೆ. ಗೆರೆಯ ಚಿತ್ರಕ್ಕೆ ಆರ್ಟ್ ಪೇಪರ್ ಬೇಡ, ನಾಲ್ಕು ಬಣ್ಣದ ನಾಲ್ಕು ಪ್ಲೇಟೂ ಬೇಡ. 1,200 ರೂಪಾಯಿಯ ದೂರು ನಿಮ್ಮದು ನ್ಯಾಯವೇ. ಆದರೆ ಅದಕ್ಕೆ ಔಷಧಿ ಚಿತ್ರ ಬಿಡುವುದಲ್ಲ, ಬೇರೆ ಥರ ಚಿತ್ರ ಬರೆಸುವುದು.

ಏನು ಬರೆಸುವುದು ಅಂತ ಕೇಳಿ. ಐನ್‌ಮನೆ, ಕೊಡವ ಕುಟುಂಬಗಳ ಹಿರಿಯರ ಮನೆ! ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ 'ಪಟ್ಟೋಲೆ ಪಳಮೆ' ಅಚ್ಚು ಹಾಕಿಸಿದ್ದರಿಂದ ನಮ್ಮ ಕೊಡವ ಹಾಡುಗಳು ಉಳಿದವು. ಬೊವ್ವೇರಿಯಂಡ ನಂಜಮ್ಮ, ಚಿಣ್ಣಪ್ಪ ದಂಪತಿ ಊರೂರು ತಿರುಗಿ ಐನ್‌ಮನೆಗಳನ್ನು ದಾಖಲಿಸಿದರು. ಆ ಋಣ ದೊಡ್ಡದು. ನಾನು ಕೇಳುತ್ತಿರುವುದು ಅದರ ಮುಂದಿನ ಹೆಜ್ಜೆ. ನಿಮ್ಮ ಮೊಮ್ಮಗ ನೆಲದ ಮೇಲೆ ಹರಡಿಕೊಂಡು ನೋಡಬೇಕು, ನೀವು ಕನ್ನಡಕ ಹಾಕಿಕೊಂಡು ತಪ್ಪು ಹುಡುಕಬೇಕು, ಅಂಥ ಒಂದು ಕನ್ನಡ ಪುಸ್ತಕ. ಕಾಡಿನಲ್ಲಿ ಮರ ಬೀಳುವುದರಿಂದ ಶುರು. ಕೈಯಾಲೆಯಲ್ಲಿ ಕೂರುವ ಹಲಗೆ ಐಮರಕ್ಕೆ ಅಷ್ಟು ಅಗಲದ ಒಂದೇ ಹಲಗೆಯನ್ನು ಹೇಗೆ ಸೀಳಿದರು? ಆ ಭಾರ ಎಷ್ಟು ಜನ ಹೊತ್ತರು? ನೆಲ್ಲಕ್ಕಿ ನಡುಬಾಡೆಯಲ್ಲಿ, ಅಂದರೆ ನಡುಮನೆಯಲ್ಲಿ, ಕ್ಯಾಮರಾ ಹಿಡಿದರೆ ತೂಗುವ ದೀಪ ಒಂದು ಕಾಣುತ್ತದೆ, ಮಿಕ್ಕಿದ್ದು ಕತ್ತಲೆ. ಚಿತ್ರ ಬರೆಯುವವನು ಹಾಗಲ್ಲ. ಒಂದು ಗೋಡೆ ತೆಗೆದು ಪಕ್ಕಕ್ಕಿಡುತ್ತಾನೆ. ಹೆಂಚು ಬಿಚ್ಚುತ್ತಾನೆ. ಯಾವ ತೊಲೆ ಯಾವ ಕಂಬದ ಮೇಲೆ ಕೂತಿದೆ, ಅಟ್ಟದಲ್ಲಿ ಏನಿದೆ, ಪೂಜೆಯ ಕೋಣೆ ಕನ್ನಿ ಕೊಂಬರೆಯ ಬಾಗಿಲು ಎತ್ತ ತೆರೆಯುತ್ತದೆ, ಎಲ್ಲ ಒಂದೇ ಪುಟದಲ್ಲಿ.

ಇದಕ್ಕೆ ಅವಸರವೂ ಇದೆ. ಕೆತ್ತನೆಯ ಕಂಬಗಳು ಲಾರಿ ಹತ್ತಿ ಹೋಗುವುದನ್ನು ನಾನೇ ಕಂಡಿದ್ದೇನೆ. ಹೋದವು ಯಾವುದೋ ರೆಸಾರ್ಟಿನ ಬಾರ್ ಕೌಂಟರಿಗೆ. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿದಾಗ ಮನೆ ಕಳೆದುಕೊಂಡ ಹಿರಿಯರೊಬ್ಬರು ನಮ್ಮ ಆಫೀಸಿಗೆ ಬಂದಿದ್ದರು. ಮನೆ ಹೇಗಿತ್ತು ಎಂದು ಬೆರಳಲ್ಲಿ ಮೇಜಿನ ಮೇಲೆ ಬರೆದು ತೋರಿಸಿದರು. ಚಹಾ ಲೋಟದ ನೀರಿನ ಗೆರೆಯಲ್ಲಿ. ನಾನು ಪೆನ್ನು ಕಾಗದ ಹುಡುಕುವಷ್ಟರಲ್ಲಿ ಒಣಗಿತು.

ಮತ್ತೆ ಯಾಕೆ ಬರುತ್ತಿಲ್ಲ ಅನ್ನುತ್ತೀರಿ. ಗ್ರಂಥಾಲಯಗಳ ಸಗಟು ಖರೀದಿಯಲ್ಲಿ ಪುಟಕ್ಕೆ ಇಷ್ಟು ಪೈಸೆ ಎಂಬ ಲೆಕ್ಕ. ಎರಡು ತಿಂಗಳು ಕೂತು ಬರೆದ ಚಿತ್ರದ ಪುಟವೂ ಒಂದು ಪುಟ, ಮೂರು ಸಾಲು ಪದ್ಯ ಇರುವ ಪುಟವೂ ಒಂದು ಪುಟ. ಹೀಗಿದ್ದ ಮೇಲೆ ಪ್ರಕಾಶಕರು ಪುಟ ತುಂಬಿಸುವುದನ್ನು ನೋಡುತ್ತಾರೆಯೇ ಹೊರತು ಚಿತ್ರಕಾರರನ್ನು ಹುಡುಕುತ್ತಾರಾ? ಚೆನ್ನೈನ ತಾರಾ ಬುಕ್ಸ್ ಗೊಂಡ ಬುಡಕಟ್ಟಿನ ಕಲಾವಿದರ ಮರಗಳ ಚಿತ್ರಗಳನ್ನು ಕೈಯಲ್ಲೇ ಸ್ಕ್ರೀನ್ ಪ್ರಿಂಟ್ ಮಾಡಿ 2006ರಲ್ಲಿ ಪುಸ್ತಕ ಮಾಡಿತು. 'ದ ನೈಟ್ ಲೈಫ್ ಆಫ್ ಟ್ರೀಸ್'. ಎರಡು ವರ್ಷಕ್ಕೆ ಇಟಲಿಯ ಬೊಲೊನ್ಯಾದಲ್ಲಿ ಪ್ರಶಸ್ತಿ ಬಂತು. ಆ ಕಲಾವಿದರ ಹೆಸರು ಪುಸ್ತಕದ ಮೇಲೇ ಇದೆ. ನಮ್ಮ ಎಷ್ಟು ಪುಸ್ತಕಗಳಲ್ಲಿ ಚಿತ್ರ ಬರೆದವರ ಹೆಸರು ಸಿಗುತ್ತದೆ? ಸಿಕ್ಕರೂ ಮುದ್ರಕರ ಹೆಸರಿನ ಕೆಳಗೆ, ಸಾಸಿವೆ ಗಾತ್ರದಲ್ಲಿ.

ಬೇರೆಯವರನ್ನು ಬೈದು ನಾನು ಪಾರಾಗುವ ಹಾಗಿಲ್ಲ. ವರ್ಷಗಳ ಹಿಂದೆ ನಮ್ಮ ಪುತ್ತರಿ ಹಬ್ಬದ ವಿಶೇಷಾಂಕದಲ್ಲಿ ಒಬ್ಬ ಹುಡುಗನ ರೇಖಾಚಿತ್ರ ಹಾಕಿ ಹೆಸರು ಹಾಕುವುದನ್ನು ಮರೆತೆ. ಆತ ಆಫೀಸಿಗೆ ಬಂದ. ಜಗಳ ಮಾಡಲಿಲ್ಲ. ಫೈಲಿನಲ್ಲಿದ್ದ ನಮ್ಮ ಪ್ರತಿ ಕೇಳಿ ತೆಗೆದುಕೊಂಡ, ಚಿತ್ರದ ಕೆಳಗೆ ಪೆನ್ನಿನಿಂದ ತನ್ನ ಹೆಸರು ಬರೆದ, ನಮಸ್ಕಾರ ಹೇಳಿ ಹೋದ. ಆಮೇಲೆ ನಮಗೆ ಚಿತ್ರ ಕೊಡಲಿಲ್ಲ.

ನಿಮ್ಮ ಮೊಮ್ಮಗನ ವಿಷಯ. ಓದುತ್ತಿಲ್ಲ ಎಂದು ಅವನನ್ನು ಗದರಬೇಡಿ. ಪಕ್ಕದಲ್ಲಿ ಕೂತು ಇದೇನು, ಅದೇನು ಅಂತ ಅವನನ್ನೇ ಕೇಳಿ. ಗೊತ್ತಿಲ್ಲದಿದ್ದರೆ ಅವನೇ ಅಕ್ಷರಕ್ಕೆ ಇಳಿಯುತ್ತಾನೆ. ಮೂವತ್ತನಾಲ್ಕು ವರ್ಷ ಇತಿಹಾಸ ಪಾಠ ಮಾಡಿದೆ ಅಂದಿರಿ. ಬೋರ್ಡಿನ ಮೇಲೆ ಬಾಣ, ಚುಕ್ಕೆ ಹಾಕದೆ ಪಾಣಿಪತ್ ಯುದ್ಧ ಪಾಠ ಮಾಡಿದ ಮೇಷ್ಟ್ರನ್ನು ನಾನಿನ್ನೂ ನೋಡಿಲ್ಲ.

ಭಾನುವಾರ ಬೆಳಿಗ್ಗೆ ಬರುತ್ತೇನೆ. ದಾರಿ ಕೇಳಬೇಕಾಗಿಲ್ಲ. ಪತ್ರದ ಕೆಳಗೆ ನೀವು ಒಂದು ಸಾಲು ವಿವರಣೆಯೂ ಇಲ್ಲದೆ ಬರೆದ ನಕ್ಷೆ ನನ್ನ ಜೇಬಿನಲ್ಲಿದೆ. ತೋಡು, ಮೋರಿ, ಹಲಸಿನ ಮರ, ಎಡಕ್ಕೆ ತಿರುಗಿದರೆ ಗೇಟು. ಗೇಟಿನ ಪಕ್ಕ ನಾಯಿಯನ್ನೂ ಬರೆದಿದ್ದೀರಿ, ಹಲ್ಲು ಸಮೇತ. ದಯವಿಟ್ಟು ಕಟ್ಟಿಹಾಕಿರಿ.