ರಾಶಿಗೊಂದು ತಂಡ ಕಟ್ಟಿ ಫ್ಯಾಂಟಸಿ ಬೇಸ್‌ಬಾಲ್ ಆಡಿದರೆ 2026ರಲ್ಲಿ ಗೆಲ್ಲುವ ರಾಶಿ ಯಾವುದು?

ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. 12 ಗೆಳೆಯರು, ರಾಶಿಗೊಂದು ತಂಡ, ಆಯಾ ರಾಶಿಯಲ್ಲಿ ಹುಟ್ಟಿದ ಆಟಗಾರರನ್ನು ಮಾತ್ರ ತೆಗೆದುಕೊಳ್ಳಬೇಕು, ನಿಮ್ಮ ಪಾಲಿಗೆ ಕನ್ಯಾ ಬಂದಿದೆ, ಗೆಲ್ಲುವ ಆಸೆ ಇಟ್ಟುಕೊಳ್ಳಬಹುದೇ ಅಂತ ಕೇಳಿದ್ದೀರಿ. ನ್ಯೂಜೆರ್ಸಿಯಲ್ಲಿ ನಾವೊಂದಿಷ್ಟು ಕನ್ನಡದವರು ಇದೇ ಆಟವನ್ನು ಕೆಲವು ವರ್ಷಗಳಿಂದ ಆಡುತ್ತಿದ್ದೇವೆ. ಇಟ್ಟುಕೊಳ್ಳಿ, ಆದರೆ ಮೊದಲು ನಿಮ್ಮ ಲೀಗಿನವರನ್ನು ಒಂದು ಮಾತು ಕೇಳಿ: ಯಾವ ಲೆಕ್ಕದ ರಾಶಿ?

ಅದಕ್ಕೆ ಆಮೇಲೆ ಬರುತ್ತೇನೆ. ಸದ್ಯಕ್ಕೆ ಅಮೆರಿಕದ ಪತ್ರಿಕೆಗಳಲ್ಲಿ ಬರುವ ರಾಶಿ ಅಂತಲೇ ಇಟ್ಟುಕೊಳ್ಳೋಣ, ಕನ್ಯಾ ಅಂದರೆ ಆಗಸ್ಟ್ 23ರಿಂದ ಸೆಪ್ಟೆಂಬರ್ 22.

ಐಪಿಎಲ್ ಸಮಯದಲ್ಲಿ ಮೊಬೈಲಿನಲ್ಲಿ ದಿನಕ್ಕೊಂದು ತಂಡ ಕಟ್ಟಿದವರಿಗೆ ಇದು ಬೇರೆ ಥರದ ಆಟ. ಅಮೆರಿಕದ ದೊಡ್ಡ ಲೀಗಾದ ಮೇಜರ್ ಲೀಗಿನ 162 ಪಂದ್ಯಗಳ ಸೀಸನ್ನು, ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ. ತಂಡಕ್ಕೆ 14 ಬ್ಯಾಟರ್, 9 ಪಿಚರ್ (ಚೆಂಡು ಎಸೆಯುವವರು). ನಿಜವಾದ ಪಂದ್ಯಗಳಲ್ಲಿ ಅವರು ಮಾಡಿದ್ದೇ ನಿಮ್ಮ ಲೆಕ್ಕಕ್ಕೆ. ಬ್ಯಾಟಿಂಗಿನಲ್ಲಿ ಐದು ಲೆಕ್ಕ (ನಮ್ಮ ಸಿಕ್ಸರಿನಂಥ ಹೋಮ್‌ರನ್, ಹೊಡೆತಕ್ಕೆ ಕಾಯದೆ ಮುಂದಿನ ಬೇಸಿಗೆ ಓಡಿ ಅದನ್ನು ಕದಿಯುವುದು, ಇಂಥವು), ಪಿಚಿಂಗಿನಲ್ಲಿ ಐದು ಲೆಕ್ಕ. ಒಂದೊಂದರಲ್ಲೂ ಮೊದಲು ಬಂದ ತಂಡಕ್ಕೆ 12 ಅಂಕ, ಕೊನೆಯದಕ್ಕೆ 1. ನ್ಯೂಯಾರ್ಕಿನ ಒಂದು ಫ್ರೆಂಚ್ ರೆಸ್ಟೋರೆಂಟಿನ ಹೆಸರಿನಲ್ಲಿ 1980ರಲ್ಲಿ ಡೇನಿಯಲ್ ಓಕ್ರೆಂಟ್ ಮತ್ತು ಗೆಳೆಯರು ಶುರು ಮಾಡಿದ ರೊಟಿಸರಿ ಪದ್ಧತಿ ಇದು. ಇಲ್ಲಿ ಹೋಮ್‌ರನ್ ಒಂದರಲ್ಲೇ ಮೆರೆದವನು ಗೆಲ್ಲುವುದಿಲ್ಲ, ಹತ್ತರಲ್ಲೂ ಮೂರು ನಾಲ್ಕನೇ ಸ್ಥಾನ ಹಿಡಿದುಕೊಂಡವನು ಗೆಲ್ಲುತ್ತಾನೆ.

ಆ ದೃಷ್ಟಿಯಿಂದ ನನಗೆ ಈ ಸಲ ಮುಂದೆ ಕಾಣುವುದು ವೃಶ್ಚಿಕ. ಹುವಾನ್ ಸೋಟೊ 2025ರಲ್ಲಿ 43 ಹೋಮ್‌ರನ್ ಹೊಡೆದು 38 ಬೇಸ್ ಕದ್ದ. ಫ್ರಾನ್ಸಿಸ್ಕೊ ಲಿಂಡೋರ್ 31 ಹೊಡೆದು 31 ಕದ್ದ. ಜೊತೆಗೆ ರಫಾಯೆಲ್ ಡೆವರ್ಸ್. ಪಿಚಿಂಗಿಗೆ ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನು ಎರಡು ವರ್ಷ ಸತತವಾಗಿ ಗೆದ್ದ ಟಾರಿಕ್ ಸ್ಕೂಬಲ್, ಅವನ ಹಿಂದೆ ಲೋಗನ್ ವೆಬ್. ಎಲ್ಲೂ ತೂತಿಲ್ಲದ ತಂಡ.

ಹೆದರಿಸುವ ಬ್ಯಾಟಿಂಗ್ ಕರ್ಕಾಟಕದ್ದು. ಶೊಹೆ ಒಹ್ತಾನಿ ಹುಟ್ಟಿದ್ದು ಜುಲೈ 5, ಹೂನಿಯರ್ ಕಮಿನೆರೊ ಕೂಡ ಜುಲೈ 5. ಜೂನ್ ಕೊನೆಯ ವಾರದಲ್ಲಿ ಯೋರ್ಡಾನ್ ಆಲ್ವರೆಜ್, ಗನ್ನರ್ ಹೆಂಡರ್‌ಸನ್, ಟ್ರೇ ಟರ್ನರ್. ಆದರೆ ಒಹ್ತಾನಿಯನ್ನು ಬಿಟ್ಟರೆ ಚೆಂಡು ಎಸೆಯಲು ದೊಡ್ಡ ಹೆಸರಿಲ್ಲ. ಮಿಥುನದ್ದು ತದ್ವಿರುದ್ಧ. ಪಾಲ್ ಸ್ಕೀನ್ಸ್, ಜೇಕಬ್ ಡಿಗ್ರಾಮ್, ಝ್ಯಾಕ್ ವೀಲರ್ ಅಂತ ಪಿಚರ್‌ಗಳ ಸಾಲೇ ಇದೆ, ಬ್ಯಾಟಿಗೆ ಬಾಬಿ ವಿಟ್ ಜೂನಿಯರ್ ಒಬ್ಬನನ್ನೇ ನೆಚ್ಚಿಕೊಳ್ಳಬೇಕು.

ಈ ಎರಡು ರಾಶಿಗಳ ನಡುವೆ ನಿಂತಿದ್ದಾನೆ ಗ್ಯಾರೆಟ್ ಕ್ರೋಶೆ, 2025ರಲ್ಲಿ 255 ಸ್ಟ್ರೈಕ್‌ಔಟ್ ತೆಗೆದ, ಅಂದರೆ ಮೂರು ಸ್ಟ್ರೈಕಿಗೆ ಬ್ಯಾಟರನ್ನು ಅಷ್ಟು ಸಲ ಔಟ್ ಮಾಡಿದ ಎಡಗೈ ಪಿಚರ್. ಹುಟ್ಟಿದ್ದು 1999ರ ಜೂನ್ 21, ಮಿಸಿಸಿಪಿಯಲ್ಲಿ. ಅಂದು ಅಲ್ಲಿ ಸೂರ್ಯ ಮಿಥುನ ಬಿಟ್ಟು ಕರ್ಕಾಟಕಕ್ಕೆ ಕಾಲಿಟ್ಟಿದ್ದು ಮಧ್ಯಾಹ್ನ. ಬೆಳಿಗ್ಗೆ ಹುಟ್ಟಿದ್ದರೆ ಮಿಥುನ, ಸಂಜೆಯಾದರೆ ಕರ್ಕಾಟಕ! ಕಳೆದ ವರ್ಷ ನಮ್ಮ ಮನೆಯ ನೆಲಮಾಳಿಗೆಯಲ್ಲಿ ಇದೇ ವಿಷಯಕ್ಕೆ ರಾತ್ರಿ ಹನ್ನೊಂದರವರೆಗೆ ಜಗ್ಗಾಟ ನಡೆಯಿತು. ಕರ್ಕಾಟಕದ ಗೆಳೆಯ ಶಿವಮೊಗ್ಗದಲ್ಲಿರುವ ತಾಯಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ. ಅವರಿಗೆ ಬೇಸ್‌ಬಾಲ್ ಗೊತ್ತಿಲ್ಲ. ಎಲ್ಲ ಕೇಳಿಸಿಕೊಂಡು ಕೇಳಿದ್ದು ಒಂದೇ, "ಹುಡುಗ ಹುಟ್ಟಿದ ಗಳಿಗೆ ಗೊತ್ತಾ?" ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಪತ್ರಿಕೆಯ ತಾರೀಖಿನಂತೆ ಮಿಥುನಕ್ಕೇ ಬಿಟ್ಟೆವು. ಅವನೇನಾದರೂ ಕರ್ಕಾಟಕಕ್ಕೆ ಹೋದರೆ ಆ ರಾಶಿಗಿರುವ ಒಂದೇ ಕೊರತೆಯೂ ತುಂಬುತ್ತದೆ, ಆಗ ನಾನು ವೃಶ್ಚಿಕದ ಹೆಸರು ಎತ್ತುವುದಿಲ್ಲ.

ಧನು ರಾಶಿಗೆ ದೊಡ್ಡ ಅನುಕೂಲ ಕ್ಯಾಚರ್ (ನಮ್ಮ ವಿಕೆಟ್ ಕೀಪರಿನಂತೆ) ಜಾಗದಲ್ಲಿ. ಕ್ಯಾಲ್ ರಾಲೆ 2025ರಲ್ಲಿ 60 ಹೋಮ್‌ರನ್ ಹೊಡೆದ, ಬೇರೆ ರಾಶಿಯವರು ಆ ಜಾಗದಲ್ಲಿ ಯಾರನ್ನು ನಿಲ್ಲಿಸಿದರೂ ಆ ಅಂತರ ತುಂಬುವುದು ಕಷ್ಟ. ಮಕರಕ್ಕೆ ಓಟಗಾರರು ಹೇರಳ: ಟಾಟೀಸ್, ಹೂಲಿಯೊ ರೊಡ್ರಿಗೆಜ್, ಎಲ್ಲಿ ಡೆ ಲಾ ಕ್ರೂಜ್. ವೃಷಭಕ್ಕೆ ಆರನ್ ಜಡ್ಜ್ ಇದ್ದಾನೆ, ಒಬ್ಬನಿಂದ ಎಷ್ಟಾಗಬೇಕೋ ಅಷ್ಟೂ ಆಗುತ್ತದೆ. ಹಳಬರನ್ನೆಲ್ಲ ಸೇರಿಸಿ ಆಡಿದ್ದರೆ ಕುಂಭವನ್ನು ಮುಟ್ಟುವವರಿರಲಿಲ್ಲ. ಹ್ಯಾಂಕ್ ಆರನ್, ಜಾಕಿ ರಾಬಿನ್‌ಸನ್, ನೋಲನ್ ರಯಾನ್, ಎಲ್ಲರಿಗಿಂತ ಮೇಲೆ ಬೇಬ್ ರೂತ್. ತನ್ನ ಹುಟ್ಟುಹಬ್ಬ 1894ರ ಫೆಬ್ರುವರಿ 7 ಅಂತಲೇ ರೂತ್ ನಂಬಿಕೊಂಡಿದ್ದ. 1934ರಲ್ಲಿ ಜಪಾನ್ ಪ್ರವಾಸಕ್ಕೆ ಪಾಸ್‌ಪೋರ್ಟ್ ಮಾಡಿಸುವಾಗ ದಾಖಲೆ ತೆಗೆಸಿದರೆ 1895ರ ಫೆಬ್ರುವರಿ 6 ಅಂತಿತ್ತು. ಅದೃಷ್ಟಕ್ಕೆ ಎರಡೂ ಕುಂಭವೇ.

ಈಗ ನಿಮ್ಮ ಕನ್ಯಾ. ಹೊಸೆ ರಮಿರೆಜ್ (30 ಹೋಮ್‌ರನ್, 44 ಕದ್ದ ಬೇಸ್), ಫ್ರೆಡ್ಡಿ ಫ್ರೀಮನ್, ಜೇಮ್ಸ್ ವುಡ್. ಪಿಚಿಂಗಿಗೆ ಹಂಟರ್ ಬ್ರೌನ್, ಮೊಣಕೈ ಶಸ್ತ್ರಚಿಕಿತ್ಸೆಯಿಂದ 2025 ಪೂರ್ತಿ ಹೊರಗಿದ್ದ ಗೆರಿಟ್ ಕೋಲ್, ಗಂಟೆಗೆ 100 ಮೈಲಿ ಮೀರಿ ಎಸೆಯುವ ಮೇಸನ್ ಮಿಲ್ಲರ್. ಹೆಸರುಗಳು ವೃಶ್ಚಿಕದಷ್ಟು ಹೊಳೆಯುವುದಿಲ್ಲ ನಿಜ. ಆದರೆ ನಿಮಗೊಂದು ಬಲ ಇದೆ, ಅದಕ್ಕೆ ಗ್ರಹಗಳ ಹಂಗಿಲ್ಲ. ಅಮೆರಿಕದ ಮಕ್ಕಳ ಬೇಸ್‌ಬಾಲಿನಲ್ಲಿ ದಶಕಗಳ ಕಾಲ ವಯಸ್ಸು ಲೆಕ್ಕ ಹಾಕುವ ಗಡಿ ಜುಲೈ 31 ಆಗಿತ್ತು. ಆಗಸ್ಟಿನಲ್ಲಿ ಹುಟ್ಟಿದ ಹುಡುಗ ತನ್ನ ಗುಂಪಿನಲ್ಲಿ ಎಲ್ಲರಿಗಿಂತ ದೊಡ್ಡವನು, ಜುಲೈನವನು ಎಲ್ಲರಿಗಿಂತ ಚಿಕ್ಕವನು. ಎಂಟು ವರ್ಷದ ಹುಡುಗರಲ್ಲಿ ಹನ್ನೊಂದು ತಿಂಗಳು ಅಂದರೆ ಸುಮಾರು ಎರಡು ಇಂಚು ಎತ್ತರ. ದೊಡ್ಡವನಿಗೆ ಹೆಚ್ಚು ಆಟ, ಹೆಚ್ಚು ಕೋಚಿಂಗ್. ಹಾಗಾಗಿ ಮೇಜರ್ ಲೀಗ್ ಸೇರಿದ ಅಮೆರಿಕನ್ನರಲ್ಲಿ ಆಗಸ್ಟಿನವರು ಜುಲೈನವರಿಗಿಂತ ಎದ್ದು ಕಾಣುವಷ್ಟು ಹೆಚ್ಚು. ಆ ನಿಯಮ ಆಮೇಲೆ ಬದಲಾಯಿತು, ಆದರೆ ಈಗ ಆಡುತ್ತಿರುವ ಹಿರಿಯರು ಅದರಲ್ಲೇ ಬೆಳೆದವರು. ಇದರ ಫಲ ಸಿಂಹಕ್ಕೂ ಕನ್ಯಾಕ್ಕೂ ಸಿಗುತ್ತದೆ. ಜುಲೈನಲ್ಲಿ ನಿಮ್ಮ ಇಬ್ಬರು ಪಿಚರ್‌ಗಳು ಗಾಯಗೊಂಡಾಗ ಬದಲಿಗೆ ಹುಡುಕಾಡಬೇಕಾಗಿ ಬರುವುದಿಲ್ಲ. ಕರ್ಕಾಟಕದವನಿಗೆ ಆ ನೆಮ್ಮದಿ ಕಡಿಮೆ. ಅವನ ಅತಿರಥರಾದ ಒಹ್ತಾನಿ ಜಪಾನಿನವನು, ಆಲ್ವರೆಜ್ ಕ್ಯೂಬಾದವನು, ಕಮಿನೆರೊ ಡೊಮಿನಿಕನ್, ಯಾರೂ ಆ ಜುಲೈ 31ರ ಗಡಿಯಲ್ಲಿ ಬೆಳೆದವರಲ್ಲ. ನಿಮಗೆ ಎರಡನೇ ಅಥವಾ ಮೂರನೇ ಸ್ಥಾನ ಖಂಡಿತ ಸಾಧ್ಯ.

ಇನ್ನು ಮೊದಲು ಹೇಳಿದ ಮಾತು. ನಮ್ಮ ಪಂಚಾಂಗದ ಸೌರ ರಾಶಿಗೂ ಪತ್ರಿಕೆಯ ರಾಶಿಗೂ ಸುಮಾರು 24 ಡಿಗ್ರಿ ವ್ಯತ್ಯಾಸ, ಅಯನಾಂಶ ಅನ್ನುತ್ತಾರಲ್ಲ ಅದು. ಮೇಷ ಸಂಕ್ರಮಣ ಏಪ್ರಿಲ್ 14ಕ್ಕೆ, ಮಿಥುನ ಸಂಕ್ರಮಣ ಜೂನ್ ಮಧ್ಯಕ್ಕೆ. ನಿಮ್ಮ ಲೀಗಿನ ಯಾರಾದರೂ "ನಮ್ಮ ಲೆಕ್ಕದಲ್ಲೇ ಆಡೋಣ" ಅಂದರೆ ಇಡೀ ಚಿತ್ರ ಬೇರೆಯಾಗುತ್ತದೆ. ಒಹ್ತಾನಿ, ಕಮಿನೆರೊ, ಆಲ್ವರೆಜ್, ಹೆಂಡರ್‌ಸನ್, ಟರ್ನರ್ ಎಲ್ಲ ಮಿಥುನಕ್ಕೆ ಬರುತ್ತಾರೆ, ಡಿಗ್ರಾಮ್ ಅಲ್ಲೇ ಉಳಿಯುತ್ತಾನೆ, ಕ್ರೋಶೆಯೂ ತಕರಾರಿಲ್ಲದೆ ಅಲ್ಲೇ. ಅಂಥ ತಂಡವನ್ನು ಸೋಲಿಸುವುದು ಹೇಗೋ ನನಗಂತೂ ಹೊಳೆಯುತ್ತಿಲ್ಲ. ತಕರಾರು ಬಾಬಿ ವಿಟ್ ಕಡೆಗೆ ತಿರುಗುತ್ತದೆ: 2000ದ ಜೂನ್ 14, ಆ ವರ್ಷದ ಮಿಥುನ ಸಂಕ್ರಮಣದ ದಿನವೇ ಹುಟ್ಟಿದವನು. ನಿಮ್ಮ ಫ್ರೀಮನ್, ಬ್ರೌನ್, ಕೋಲ್, ಮಿಲ್ಲರ್ ಸಿಂಹಕ್ಕೆ ಹೋಗಿ, ಮೂಕಿ ಬೆಟ್ಸ್, ಕೆಟೆಲ್ ಮಾರ್ಟೆ ನಿಮ್ಮ ಪಾಲಾಗುತ್ತಾರೆ. ರಮಿರೆಜ್ ಮತ್ತು ವುಡ್ ಇಬ್ಬರೂ ಹುಟ್ಟಿದ್ದು ಸೆಪ್ಟೆಂಬರ್ 17ಕ್ಕೆ, ಯಾವ ಲೆಕ್ಕ ಹಿಡಿದರೂ ಅವರು ಕನ್ಯಾ. ಆ ಇಬ್ಬರ ಹೆಸರನ್ನು ಈಗಲೇ ಬರೆದಿಡಿ. ಗಡಿ ತಾರೀಖಿನ ನಿಯಮವನ್ನು ಲೀಗಿನವರೆಲ್ಲ ಒಪ್ಪಿ ಬರೆದುಕೊಳ್ಳುವವರೆಗೆ ಉಳಿದ 21 ಜಾಗ ತುಂಬಲು ಹೋಗಬೇಡಿ.