ಹೈ-ರೆಸ್ ಪ್ಲೇಯರ್‌ನಲ್ಲೂ ದನಿ ಮಂಕೇ? ಮೊದಲು ಆ ಅಡಾಪ್ಟರ್ ಕಿತ್ತಿಡಿ

ನಿಮ್ಮ ಬಳಿ ಇರುವುದು 24 ಬಿಟ್, 192 ಕಿಲೋಹರ್ಟ್ಸ್‌ನ ಹೈ-ರೆಸ್ (ಸಿಡಿಗಿಂತ ದೊಡ್ಡ ಸಂಖ್ಯೆಯ) ಫೈಲುಗಳು, ಒಳ್ಳೆಯ ಮ್ಯೂಸಿಕ್ ಪ್ಲೇಯರ್, ಕಿವಿಗೆ ನಾಲ್ಕರಂತೆ ಬ್ಯಾಲೆನ್ಸ್ಡ್ ಆರ್ಮೇಚರ್ ಡ್ರೈವರ್ (ಸದ್ದು ಹೊರಡಿಸುವ ಪುಟ್ಟ ಘಟಕ) ಇರುವ ಇಯರ್‌ಫೋನ್, ಹಿನ್ನೆಲೆಯ ಸುಯ್ ಸದ್ದು ಅಡಗಿಸಲು ನಡುವೆ ಒಂದು ಇಂಪಿಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ, ಅಳತೆ ಓಮ್‌ನಲ್ಲಿ) ಅಡಾಪ್ಟರ್. ಇಷ್ಟೆಲ್ಲ ಇದ್ದೂ ದನಿ ಮಂಕು, ಫೋನಿಗೆ ಸಿಕ್ಕಿಸುವ ಪುಟ್ಟ ಹೆಡ್‌ಫೋನ್ ಡಾಂಗಲ್‌ನಲ್ಲೇ ಚೆನ್ನಾಗಿದೆ. ಡಿಎಸ್‌ಡಿ (ಇನ್ನೊಂದು ಬಗೆಯ ಹೈ-ರೆಸ್) ಫೈಲ್ ಕೊಳ್ಳಲೇ, ಬೆಳ್ಳಿ ಕೇಬಲ್ ಹಾಕಿಸಲೇ, ಆಂಪ್ಲಿಫೈಯರ್ ಸೇರಿಸಲೇ ಅಂತ ಕೇಳಿದ್ದೀರಿ. ಒಂದು ಕಾಲಕ್ಕೆ ನನ್ನ ಹತ್ತಿರ ಇದ್ದದ್ದೂ ಹೆಚ್ಚುಕಡಿಮೆ ಇದೇ ಜೋಡಣೆ. ಮೂರೂ ಬೇಡ. ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ: ಡಾಂಗಲ್‌ಗೆ ಹಾಕುವಾಗ ನೀವು ಆ ಅಡಾಪ್ಟರ್ ಬಳಸುತ್ತಿಲ್ಲ.

ಅದರೊಳಗೆ ಇರುವುದು ಪ್ರತಿ ಚಾನೆಲ್‌ಗೆ ಸರಣಿಯಲ್ಲಿ ಒಂದು ರೆಸಿಸ್ಟರ್, ಅಷ್ಟೇ. ನನ್ನದು 33 ಓಮ್‌ನದು, 75 ಓಮ್‌ನವೂ ಬರುತ್ತವೆ. ಹಾಕಿದ ಕೂಡಲೇ ಸುಯ್ ಸದ್ದು ಹೋಯಿತು, ವಾಲ್ಯೂಮ್ ತಿರುಗಿಸಲು ಜಾಗ ಸಿಕ್ಕಿತು, ಹಾಗಾಗಿ ಅದರ ಮೇಲೆ ಅನುಮಾನವೇ ಹುಟ್ಟಲಿಲ್ಲ. ದನಿ ಮಂಕಾದದ್ದಕ್ಕೆ ಫೈಲೇ ಕಾರಣ ಎಂದುಕೊಂಡು ಇದ್ದ ಆಲ್ಬಮ್‌ಗಳನ್ನೇ ಹೈ-ರೆಸ್‌ನಲ್ಲಿ ಮತ್ತೆ ಕೊಂಡೆ. ಹಣ ಹೋದದ್ದು ಅಲ್ಲಿ. ಆ ಫೈಲುಗಳೂ ಅದೇ 33 ಓಮ್ ದಾಟಿಕೊಂಡೇ ಕಿವಿಗೆ ಬಂದವು, ಒಂದಿಷ್ಟೂ ಬದಲಾಗಲಿಲ್ಲ.

ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದು ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಡಬ್ಬಿಯ ಮೇಲೆ ‘16 ಓಮ್’ ಅಂತ ಬರೆದಿರುತ್ತದಲ್ಲ, ಅದು ಸಾಮಾನ್ಯವಾಗಿ 1 ಕಿಲೋಹರ್ಟ್ಸ್‌ನಲ್ಲಿ ಅಳೆದ ಸಂಖ್ಯೆ. ಹಲವು ಆರ್ಮೇಚರ್ ಮತ್ತು ಕ್ರಾಸ್‌ಓವರ್ (ಸ್ವರಗಳನ್ನು ಡ್ರೈವರ್‌ಗಳಿಗೆ ಹಂಚುವ ಸರ್ಕ್ಯೂಟ್) ಇರುವ ಇಯರ್‌ಫೋನ್‌ನಲ್ಲಿ ಇಂಪಿಡೆನ್ಸ್ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಒಂದು ಆವರ್ತನದಲ್ಲಿ 40 ಓಮ್ ಇದ್ದದ್ದು ಇನ್ನೊಂದರಲ್ಲಿ 8ಕ್ಕೆ ಇಳಿದಿರಬಹುದು. ಪ್ಲೇಯರ್‌ನ ಔಟ್‌ಪುಟ್ ಇಂಪಿಡೆನ್ಸ್ ಮತ್ತು ಇಯರ್‌ಫೋನ್ ಸೇರಿ ವೋಲ್ಟೇಜನ್ನು ಹಂಚಿಕೊಳ್ಳುತ್ತವೆ. 33 ಓಮ್ ಸರಣಿಯಲ್ಲಿದ್ದಾಗ ಇಯರ್‌ಫೋನ್ 40 ಓಮ್ ಇರುವ ಕಡೆ ಅದಕ್ಕೆ 73ರಲ್ಲಿ 40 ಪಾಲು, ಅಂದರೆ ಸುಮಾರು 5 ಡೆಸಿಬಲ್ ನಷ್ಟ. 8 ಓಮ್ ಇರುವ ಕಡೆ 41ರಲ್ಲಿ 8 ಪಾಲು ಮಾತ್ರ, ಸುಮಾರು 14 ಡೆಸಿಬಲ್ ನಷ್ಟ. ಎರಡರ ನಡುವೆ 9 ಡೆಸಿಬಲ್ ಅಂತರ! ಇಯರ್‌ಫೋನ್ ತಯಾರಿಸಿದವರು ಕೂಡಿಸಿದ ಸ್ವರದ ಸಮತೋಲ ಅಲ್ಲಿಗೆ ಮುಗಿಯಿತು. ಇಂಪಿಡೆನ್ಸ್ ಕುಸಿಯುವುದು ಮೇಲಿನ ಆವರ್ತನಗಳಲ್ಲಾದರೆ ದನಿ ಮಂಕು, ಕೆಳಗಿನವುಗಳಲ್ಲಾದರೆ ಸಪ್ಪೆ. ಅದೇ ಇಯರ್‌ಫೋನನ್ನು 1 ಓಮ್ ಔಟ್‌ಪುಟ್‌ಗೆ ನೇರವಾಗಿ ಹಾಕಿದರೆ ಈ ಅಂತರ ಸುಮಾರು 0.8 ಡೆಸಿಬಲ್‌ಗೆ ಇಳಿಯುತ್ತದೆ.

ಇದರಿಂದಲೇ ಬಂದದ್ದು ಎಂಟನೇ ಒಂದರ ಲೆಕ್ಕ: ಪ್ಲೇಯರ್‌ನ ಔಟ್‌ಪುಟ್ ಇಂಪಿಡೆನ್ಸ್ ಇಯರ್‌ಫೋನ್‌ನದರ ಎಂಟನೇ ಒಂದು ಭಾಗವನ್ನು ಮೀರಬಾರದು. ಬಹು-ಆರ್ಮೇಚರ್‌ಗೆ ಈ ಲೆಕ್ಕವನ್ನು ಡಬ್ಬಿಯ ಮೇಲಿನ ಸಂಖ್ಯೆಗಲ್ಲ, ಅತಿ ಕಡಿಮೆ ಇಂಪಿಡೆನ್ಸ್‌ಗೆ ಹಾಕಬೇಕು. 1 ಓಮ್‌ಗಿಂತ ಕಡಿಮೆಯಿದ್ದರೆ ನಿಶ್ಚಿಂತೆ. ಪ್ಲೇನಾರ್ (ತೆಳು ಹಾಳೆ ಕಂಪಿಸಿ ಸದ್ದು ಹೊರಡಿಸುವ) ಇಯರ್‌ಫೋನ್‌ಗಳ ಇಂಪಿಡೆನ್ಸ್ ಗೆರೆ ಎಳೆದಂತೆ ಸಮ ಇರುವುದರಿಂದ ಅವಕ್ಕೆ ಈ ಕಾಟವಿಲ್ಲ. ಅದೇ ಅಡಾಪ್ಟರ್ ಅಲ್ಲಿ ಸದ್ದನ್ನು ತಗ್ಗಿಸುತ್ತದೆಯೇ ಹೊರತು ಸಮತೋಲ ಕೆಡಿಸುವುದಿಲ್ಲ. ‘ನನಗೆ ಅಡಾಪ್ಟರ್‌ನಿಂದ ಏನೂ ಆಗಿಲ್ಲ’ ಅನ್ನುವವರ ಮಾತು ಸುಳ್ಳಲ್ಲ, ಅವರ ಇಯರ್‌ಫೋನ್ ಬೇರೆ ಜಾತಿಯದು.

ನಿಮ್ಮ ಪ್ಲೇಯರ್‌ನ ಸಂಖ್ಯೆ ಕೈಪಿಡಿಯಲ್ಲಿ ಇಲ್ಲದಿದ್ದರೆ ಅಳೆಯಬಹುದು. 100 ಹರ್ಟ್ಸ್ ಸೈನ್ ಟೋನ್ ಫೈಲನ್ನು ಕಡಿಮೆ ವಾಲ್ಯೂಮ್‌ನಲ್ಲಿ ನುಡಿಸಿ, ಜ್ಯಾಕ್‌ನ ತುದಿ ಮತ್ತು ಬುಡದ ನಡುವೆ ಮಲ್ಟಿಮೀಟರ್‌ನಲ್ಲಿ ಎಸಿ ವೋಲ್ಟೇಜ್ ನೋಡಿ. ವಾಲ್ಯೂಮ್ ಮುಟ್ಟದೆ ಅಲ್ಲಿಗೇ 33 ಓಮ್ ರೆಸಿಸ್ಟರ್ ಜೋಡಿಸಿ ಮತ್ತೆ ನೋಡಿ. ಮೊದಲು 0.200 ವೋಲ್ಟ್, ಆಮೇಲೆ 0.190 ಬಂತು ಅನ್ನಿ: ವ್ಯತ್ಯಾಸ 0.010ನ್ನು 0.190ರಿಂದ ಭಾಗಿಸಿ 33ರಿಂದ ಗುಣಿಸಿದರೆ ಸುಮಾರು 1.7 ಓಮ್. ಅಗ್ಗದ ಮೀಟರ್‌ಗಳು 1 ಕಿಲೋಹರ್ಟ್ಸ್ ಹೊತ್ತಿಗೆ ದಾರಿ ತಪ್ಪುವುದುಂಟು, ಅದಕ್ಕೇ 100 ಹರ್ಟ್ಸ್.

ಹಾಗಾದರೆ ಸುಯ್ ಸದ್ದಿಗೆ ಏನು ಮಾಡುವುದು? ಮೊದಲು ಪ್ಲೇಯರ್‌ನ ಗೇನ್ (ಸದ್ದನ್ನು ಹಿಗ್ಗಿಸುವ ಮಟ್ಟ) ಲೋ ಮಾಡಿ. ಹೈ ಗೇನ್‌ನಲ್ಲಿ ‘ಜೀವ ಬಂತು’ ಅನ್ನಿಸುವುದು ಸದ್ದು ಹೆಚ್ಚಾದ್ದರಿಂದ ಮಾತ್ರ; ಇಂಥ ಸೂಕ್ಷ್ಮ ಇಯರ್‌ಫೋನ್‌ಗೆ ಅದು ಕೊಡುವುದು ಹೆಚ್ಚಿನ ಹಿನ್ನೆಲೆ ಗದ್ದಲ. ಬ್ಯಾಲೆನ್ಸ್ಡ್ 4.4 ಎಂಎಂ ಸಾಕೆಟ್ ಬಿಟ್ಟು ಸಾಧಾರಣ 3.5 ಎಂಎಂಗೆ ಬನ್ನಿ: ಬ್ಯಾಲೆನ್ಸ್ಡ್‌ನಲ್ಲಿ ಪ್ರತಿ ಚಾನೆಲ್‌ಗೆ ಎರಡು ಆಂಪ್ಲಿಫೈಯರ್ ಕೆಲಸ ಮಾಡುವುದರಿಂದ ವೋಲ್ಟೇಜ್ ದುಪ್ಪಟ್ಟು, ಜೊತೆಗೆ ಔಟ್‌ಪುಟ್ ಇಂಪಿಡೆನ್ಸ್ ಕೂಡ ಸಾಮಾನ್ಯವಾಗಿ ದುಪ್ಪಟ್ಟು. ನಿಮ್ಮ ಇಯರ್‌ಫೋನ್‌ಗೆ ಮೊದಲನೆಯದು ಬೇಕಿಲ್ಲ, ಎರಡನೆಯದು ಬೇಡವೇ ಬೇಡ. ಒಂದು ಎಚ್ಚರಿಕೆ: ಬ್ಯಾಲೆನ್ಸ್ಡ್ ಸಾಕೆಟ್‌ಗೆ ಸಾಧಾರಣ 3.5 ಎಂಎಂ ಹೆಡ್‌ಫೋನ್ ಹಾಕಿಸುವ ಅಡಾಪ್ಟರ್ ಬಳಸಬೇಡಿ. ಎಡ-ಬಲಗಳ ಮೈನಸ್ ತಂತಿಗಳು ಅದರಲ್ಲಿ ಒಂದಕ್ಕೊಂದು ತಾಗಿ ಆಂಪ್ಲಿಫೈಯರ್ ಸುಟ್ಟುಹೋಗಬಹುದು. ಬ್ಯಾಲೆನ್ಸ್ಡ್ ಕೇಬಲ್‌ನ ಇಯರ್‌ಫೋನನ್ನು 3.5 ಎಂಎಂ ಸಾಕೆಟ್‌ಗೆ ಇಳಿಸುವ ಅಡಾಪ್ಟರ್‌ನಿಂದ ತೊಂದರೆಯಿಲ್ಲ.

ಇಷ್ಟಾದರೂ ಸುಯ್ ಉಳಿದರೆ ಸರಿಯಾದ ಅಟೆನ್ಯುಯೇಟರ್ (ಸದ್ದು ತಗ್ಗಿಸುವ ಸರ್ಕ್ಯೂಟ್) ಬೇಕು: ಸರಣಿಯಲ್ಲಿ ಒಂದು ರೆಸಿಸ್ಟರ್, ಅದರ ನಂತರ ಇಯರ್‌ಫೋನ್‌ಗೆ ಸಮಾಂತರವಾಗಿ ಇನ್ನೊಂದು. ಸರಣಿಗೆ 15 ಓಮ್, ಸಮಾಂತರಕ್ಕೆ 1 ಓಮ್ ಹಾಕಿ. ಪ್ಲೇಯರ್‌ಗೆ ಕಾಣುವ ಹೊರೆ ಸುಮಾರು 16 ಓಮ್, ಇಯರ್‌ಫೋನ್‌ಗೆ ಕಾಣುವ ಇಂಪಿಡೆನ್ಸ್ 1 ಓಮ್‌ಗಿಂತ ತುಸು ಕಡಿಮೆ, ಸದ್ದು ಇಳಿಯುವುದು ಸುಮಾರು 24 ಡೆಸಿಬಲ್. ಮೇಲಿನ 8 ಮತ್ತು 40 ಓಮ್‌ನ ಲೆಕ್ಕವನ್ನೇ ಹಾಕಿದರೆ ಅಂತರ 0.8 ಡೆಸಿಬಲ್ ದಾಟುವುದಿಲ್ಲ. ಎರಡೂ ಚಾನೆಲ್‌ಗೆ ಶೇಕಡಾ 1ರ ನಿಖರತೆಯ ರೆಸಿಸ್ಟರ್ ತೆಗೆದುಕೊಳ್ಳಿ, ಇಲ್ಲದಿದ್ದರೆ ಗಾಯಕರ ದನಿ ನಡುವಿನಿಂದ ಒಂದು ಪಕ್ಕಕ್ಕೆ ಜಾರುತ್ತದೆ. ಬೆಸುಗೆಯನ್ನೂ ಗಟ್ಟಿ ಹಾಕಿ: 1 ಓಮ್‌ನ ಜಾಗದಲ್ಲಿ ಸಡಿಲ ಕೂಡಿಕೆಯ ಅರ್ಧ ಓಮ್ ಕೂಡ ದೊಡ್ಡದೇ.

ಇದರ ನಂತರದ ಸ್ಥಾನ ಇಯರ್‌ಟಿಪ್‌ಗೆ (ಕಿವಿಯೊಳಗೆ ಕೂರುವ ಮೆತ್ತನೆಯ ತುದಿಗೆ). ಕೇಬಲ್‌ಗೆ ಕೊಡುವ ಗಮನದ ಹತ್ತನೇ ಒಂದು ಭಾಗ ಟಿಪ್‌ಗೆ ಕೊಟ್ಟರೂ ಸಾಕಿತ್ತು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. 40 ಹರ್ಟ್ಸ್ ಟೋನ್ ನುಡಿಸಿ, ಇಯರ್‌ಫೋನನ್ನು ಬೆರಳಿನಿಂದ ಮೆಲ್ಲಗೆ ಒಳಗೆ ಒತ್ತಿ. ಒತ್ತಿದಾಗ ಸದ್ದು ಏರಿದರೆ ಗಾಳಿ ಸೋರುತ್ತಿದೆ ಎಂದರ್ಥ. ದೊಡ್ಡ ಅಳತೆಯ ಟಿಪ್ ಹಾಕಿ. ಎರಡು ಕಿವಿಗೆ ಎರಡು ಅಳತೆ ಬೇಕಾಗುವುದು ಮಾಮೂಲು. ಫೋಮ್ ಟಿಪ್ ಆದರೆ ಹೊಸೆದು ಸಣ್ಣದು ಮಾಡಿ ಒಳಗಿಟ್ಟು, ಅರಳುವವರೆಗೆ ಹತ್ತಿಪ್ಪತ್ತು ಸೆಕೆಂಡು ಹಿಡಿದಿರಿ. ಕಿವಿಯೊಳಗೆ ಎಷ್ಟು ಆಳ ಕೂರುತ್ತದೆ ಅನ್ನುವುದೂ ಮುಖ್ಯ: ಟಿಪ್ ಮತ್ತು ಕಿವಿತಮಟೆಯ ನಡುವಿನ ಗಾಳಿಯ ಅನುರಣನ ಸಾಮಾನ್ಯವಾಗಿ 8 ಕಿಲೋಹರ್ಟ್ಸ್ ಆಸುಪಾಸಿನಲ್ಲಿರುತ್ತದೆ, ಇಯರ್‌ಫೋನ್ ಹೊರಗೆ ಉಳಿದಷ್ಟೂ ಅದು ಕೆಳಗಿಳಿಯುತ್ತದೆ. ಹಾಡಿನಲ್ಲಿ ಸ, ಶ, ಚ ಅಕ್ಷರಗಳು ಕಿವಿಗೆ ಚುಚ್ಚುತ್ತಿದ್ದರೆ ಈಕ್ವಲೈಸರ್ ಮುಟ್ಟುವ ಮೊದಲು ಒಂದೆರಡು ಮಿಲಿಮೀಟರ್ ಒಳಗೆ ಕೂರುವ ಟಿಪ್ ಹಾಕಿ ನೋಡಿ. ಇಯರ್‌ಫೋನ್‌ನ ನಾಝಲ್‌ನ (ಟಿಪ್ ಕೂರುವ ಮೂತಿಯ) ಜಾಲರಿಯನ್ನೂ ಬೆಳಕಿಗೆ ಹಿಡಿದು ನೋಡಿ. ಗುಗ್ಗೆ ಕಟ್ಟಿದರೆ ಆ ಕಡೆಯ ಮೇಲಿನ ಸ್ವರಗಳು ಸಾಯುತ್ತವೆ. ಎಡ-ಬಲ ಅದಲುಬದಲು ಮಾಡಿದಾಗ ಮಂಕು ದನಿ ಇಯರ್‌ಫೋನ್ ಜೊತೆಗೇ ಇನ್ನೊಂದು ಕಿವಿಗೆ ಹೋದರೆ ದೋಷ ಅದರದ್ದೇ.

ಪ್ಲೇಯರ್ ಆಂಡ್ರಾಯ್ಡ್‌ನದಾದರೆ ಸಾಧಾರಣ ಆಪ್‌ಗಳ ಸದ್ದು ವ್ಯವಸ್ಥೆಯ ಮಿಕ್ಸರ್ ಮೂಲಕ ಹೋಗಿ 48 ಕಿಲೋಹರ್ಟ್ಸ್‌ಗೆ ಬದಲಾಗಬಹುದು. ಅನೇಕ ತಯಾರಕರು ತಮ್ಮ ಪ್ಲೇಯರ್‌ಗಳಲ್ಲಿ ಇದನ್ನು ದಾಟುವ ದಾರಿ ಮಾಡಿರುತ್ತಾರೆ. ಹಾಡು ನುಡಿಯುವಾಗ ತೆರೆಯ ಮೇಲಿನ ಸ್ಯಾಂಪಲ್ ರೇಟ್ ಫೈಲಿನದಕ್ಕೆ ತಕ್ಕಂತೆ ಬದಲಾಗುತ್ತದೆಯೇ ನೋಡಿ. ಬ್ಲೂಟೂತ್‌ನಲ್ಲಿ ಹೈ-ರೆಸ್ ಹುಡುಕಬೇಡಿ. 24 ಬಿಟ್, 96 ಕಿಲೋಹರ್ಟ್ಸ್‌ನ (24/96) ಸ್ಟೀರಿಯೊ ಸೆಕೆಂಡಿಗೆ 4,608 ಕಿಲೋಬಿಟ್, ಬ್ಲೂಟೂತ್‌ನಲ್ಲಿ ಸದ್ದು ಕಳಿಸುವ ಎಲ್‌ಡಿಎಸಿ ವಿಧಾನದ ಗರಿಷ್ಠ 990.

ಈಗ ಫೈಲುಗಳು. ನಿಮಗೆ ಬೇಸರವಾದರೂ ಸರಿ, ನಿಮ್ಮ ಪ್ರಶ್ನೆಯ ಬುಡದಲ್ಲಿರುವ ನಂಬಿಕೆಯನ್ನೇ ನಾನು ಒಪ್ಪುವುದಿಲ್ಲ: ದೊಡ್ಡ ಸಂಖ್ಯೆಯ ಫೈಲು ಮಂಕಾದ ದನಿಯನ್ನು ತಿಳಿಗೊಳಿಸುವುದಿಲ್ಲ. 44.1 ಕಿಲೋಹರ್ಟ್ಸ್ ಫೈಲು 22.05 ಕಿಲೋಹರ್ಟ್ಸ್‌ವರೆಗಿನ ಸ್ವರವನ್ನು ಹಿಡಿಯಬಲ್ಲದು, ಮನುಷ್ಯನ ಕಿವಿ 20ರ ಹತ್ತಿರ ನಿಲ್ಲುತ್ತದೆ. ಮೇಯರ್ ಮತ್ತು ಮೊರಾನ್ ಎಂಬ ಸಂಶೋಧಕರು 2007ರಲ್ಲಿ ಹೈ-ರೆಸ್ ಸಂಗೀತದ ನಡುವೆ ಸಿಡಿ ಗುಣಮಟ್ಟದ 16/44.1ರ ಹಂತವೊಂದನ್ನು ತೂರಿಸಿ ಪರೀಕ್ಷೆ ಮಾಡಿದಾಗ ಕೇಳುಗರು ವ್ಯತ್ಯಾಸ ಗುರುತಿಸಲಿಲ್ಲ. ಜೋಶುವಾ ರೀಸ್ 2016ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಿಯುತ್ತರ ಶೇಕಡಾ 52.3ರಷ್ಟು ಬಂತು. ಕಣ್ಣುಮುಚ್ಚಿ ಊಹಿಸಿದರೂ 50 ಬರುತ್ತದೆ. ವ್ಯತ್ಯಾಸ ಇದ್ದರೂ ಅಷ್ಟು ತೆಳುವು, ನಿಮ್ಮ ಅಡಾಪ್ಟರ್ ತಂದಿರುವುದು ಡೆಸಿಬಲ್‌ಗಟ್ಟಲೆ. ಹೈ-ರೆಸ್ ಆವೃತ್ತಿ ನಿಜಕ್ಕೂ ಚೆನ್ನಾಗಿ ಕೇಳಿದರೆ ಬಹುಪಾಲು ಸಲ ಅದರ ಮಾಸ್ಟರಿಂಗ್ (ಬಿಡುಗಡೆಗೆ ಮೊದಲು ದನಿ ಹದಮಾಡುವ ಕೊನೆಯ ಹಂತ) ಬೇರೆ ಇರುತ್ತದೆ. ಆ ಮಾಸ್ಟರ್‌ಗಾಗಿ ಕೊಳ್ಳಿ, ಸಂಖ್ಯೆಗಾಗಿ ಬೇಡ. ಕೊಂಡದ್ದನ್ನು ಸ್ಪೆಕ್ಟ್ರಮ್ ತೋರಿಸುವ ಆಪ್‌ನಲ್ಲಿ ತೆರೆದು ನೋಡಿ: ‘24/96’ ಎಂದು ಮಾರಿದ ಫೈಲು 22 ಕಿಲೋಹರ್ಟ್ಸ್‌ನಲ್ಲಿ ಕತ್ತರಿಸಿದಂತೆ ನಿಂತಿದ್ದರೆ ಅದು ಸಿಡಿಯದನ್ನೇ ಹಿಗ್ಗಿಸಿದ್ದಿರಬಹುದು, 16ರಲ್ಲೇ ನಿಂತಿದ್ದರೆ ಎಂಪಿ3ಯಿಂದ ಬಂದ ಗುಮಾನಿ.

ಡಿಎಸ್‌ಡಿ ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ನೇರ ಡಿಎಸ್‌ಡಿ ನುಡಿಸುವಾಗ ಈಕ್ವಲೈಸರ್ ಕೆಲಸ ಮಾಡುವುದಿಲ್ಲ, ಮಾಡಬೇಕಾದರೆ ಮೊದಲು ಪಿಸಿಎಂಗೆ (ಸಾಧಾರಣ ಫೈಲುಗಳ ರೂಪಕ್ಕೆ) ಬದಲಾಗಬೇಕು. ಈಕ್ವಲೈಸರ್ ಕೈಗೆ ಉಳಿಯಬೇಕು, ಏಕೆಂದರೆ ಅಡಾಪ್ಟರ್ ತೆಗೆದು ಟಿಪ್ ಸರಿಮಾಡಿದ ಮೇಲೆ ಉಳಿಯುವ ಸಣ್ಣಪುಟ್ಟ ಕೊರತೆಗೆ ಅದೇ ಮದ್ದು. ಎಷ್ಟು ಡೆಸಿಬಲ್ ಏರಿಸುತ್ತೀರೋ ಈಕ್ವಲೈಸರ್‌ನ ಪ್ರೀಆಂಪ್ (ಒಟ್ಟು ಮಟ್ಟ) ಅಷ್ಟು ಇಳಿಸಿ. 4 ಏರಿಸಿದರೆ ಪ್ರೀಆಂಪ್ ಮೈನಸ್ 4. ಇದನ್ನು ಮರೆತರೆ ಜೋರಾದ ಜಾಗಗಳಲ್ಲಿ ಅಲೆಯ ತುದಿ ಕತ್ತರಿಸಿಹೋಗಿ (ಕ್ಲಿಪ್ ಆಗಿ) ದನಿ ಒರಟಾಗುತ್ತದೆ. ಸದ್ದು ಕಡಿಮೆಯಾಯಿತು ಅಂತ ಕೊರಗಬೇಡಿ, ವಾಲ್ಯೂಮ್ ಇರುವುದೇ ಅದಕ್ಕೆ. ಎರಡು ಸೆಟ್ಟಿಂಗ್ ಹೋಲಿಸುವಾಗ ಮೇಲೆ ಹೇಳಿದ ಟೋನ್ ಮತ್ತು ಮಲ್ಟಿಮೀಟರ್ ಬಳಸಿ ಎರಡರ ಮಟ್ಟವನ್ನು 0.2 ಡೆಸಿಬಲ್ ಒಳಗೆ ಸಮ ಮಾಡಿ, ಅಂದರೆ ವೋಲ್ಟೇಜ್‌ನಲ್ಲಿ ಶೇಕಡಾ 2ರ ಒಳಗೆ. ಇಲ್ಲದಿದ್ದರೆ ತುಸು ಜೋರಾಗಿರುವುದೇ ಚೆನ್ನಾಗಿದೆ ಅನ್ನಿಸಿಬಿಡುತ್ತದೆ. ಬೆಳ್ಳಿ ಕೇಬಲ್‌ನ ಗುಣಗಾನ ಬಹುಪಾಲು ಈ ಪರೀಕ್ಷೆ ಮಾಡದವರದ್ದು.

ಆಂಪ್ಲಿಫೈಯರ್ ಯಾರಿಗೆ ಬೇಕು? 300 ಓಮ್, ಮಿಲಿವ್ಯಾಟ್‌ಗೆ 97 ಡೆಸಿಬಲ್ ಕೊಡುವ ದೊಡ್ಡ ಹೆಡ್‌ಫೋನ್ ಇರುವವರಿಗೆ ಬೇಕಾಗಬಹುದು. ಸಂಗೀತದ ಕ್ಷಣಿಕ ಏರುಗಳಿಗೆ 110 ಡೆಸಿಬಲ್ ಇಟ್ಟುಕೊಂಡರೆ ಅದಕ್ಕೆ 20 ಮಿಲಿವ್ಯಾಟ್, ಸುಮಾರು 2.45 ವೋಲ್ಟ್ ಬೇಕು. ಎಷ್ಟೋ ಪ್ಲೇಯರ್‌ಗಳ 3.5 ಎಂಎಂ ಅಲ್ಲಿ ಏದುಸಿರು ಬಿಡುತ್ತದೆ, ಬ್ಯಾಲೆನ್ಸ್ಡ್ ನಿಜಕ್ಕೂ ಉಪಯೋಗಕ್ಕೆ ಬರುವುದು ಅಲ್ಲೇ. 16 ಓಮ್, 105 ಡೆಸಿಬಲ್‌ನ ಇಯರ್‌ಫೋನ್‌ಗೆ ಅದೇ ಮಟ್ಟಕ್ಕೆ ಸಾಲುವುದು ಸುಮಾರು 0.22 ವೋಲ್ಟ್, ನಿಮ್ಮದು ಸುಯ್ ಅನ್ನುವಷ್ಟು ಸೂಕ್ಷ್ಮವಾದ್ದರಿಂದ ಇನ್ನೂ ಕಡಿಮೆ. ಮುಂದೆಂದಾದರೂ ದೊಡ್ಡ ಹೆಡ್‌ಫೋನ್ ಬಂದು ಹೊರಗಿನ ಆಂಪ್ಲಿಫೈಯರ್ ಕೊಂಡರೆ ಅದನ್ನು ಪ್ಲೇಯರ್‌ನ ಹೆಡ್‌ಫೋನ್ ಸಾಕೆಟ್‌ಗಲ್ಲ, ಲೈನ್ ಔಟ್‌ಗೆ (ಬೇರೆ ಉಪಕರಣಕ್ಕೆ ಸಂಕೇತ ಕೊಡುವ ಸಾಕೆಟ್‌ಗೆ) ಜೋಡಿಸಿ. ಲೈನ್ ಔಟ್‌ನ ಮಟ್ಟ ಅನೇಕ ಪ್ಲೇಯರ್‌ಗಳಲ್ಲಿ ಸ್ಥಿರವಾಗಿ ಪೂರ್ತಿ ಇರುತ್ತದೆ, ಹಾಗಾಗಿ ಆಂಪ್ಲಿಫೈಯರ್‌ನ ವಾಲ್ಯೂಮನ್ನು ಸೊನ್ನೆಗೆ ಇಳಿಸಿದ ಮೇಲೇ ಹೆಡ್‌ಫೋನ್ ಕಿವಿಗೆ ಏರಿಸಿ.